ಪರಲೋಕದ ಬೀರು ಮತ್ತು ತಾರೀಕಕ್ಕ

ಹದ್ದಿನ ಕಣ್ಣು ಮೋಡವನ್ನು ಸೀಳಿ ನೆಲ ನೋಡುತ್ತದೆ ಎನ್ನುತ್ತಾರೆ. ತಾರೀಕಕ್ಕನ ಕಣ್ಣಿನ ಮುಂದೆ ಆ ಹದ್ದು ಕನ್ನಡಕ ಹಾಕಿಕೊಂಡು ಪಾಠ ಕಲಿಯಬೇಕು. ಕೈಗೆ ಏನೇ ಸಿಗಲಿ, ಅದನ್ನು ಮಗುಚಿ, ತಳದಲ್ಲಿ ಅಚ್ಚಾದ ತಾರೀಕನ್ನು ಓದದೆ ಆಕೆ ಮುಂದಿನ ಉಸಿರು ತೆಗೆದುಕೊಂಡವಳಲ್ಲ. ಬಿಸ್ಕತ್ತು, ಸೋಪು, ಬೆಂಕಿಪೊಟ್ಟಣ ಇವಕ್ಕೆಲ್ಲ ಈ ಮರ್ಯಾದೆ ಸಲ್ಲತಕ್ಕದ್ದೇ. ಆದರೆ ಗೆಳತಿಯೊಬ್ಬಳ ಮಗಳ ಮದುವೆ ಕರೆಯೋಲೆಯನ್ನೂ ಹಿಂದುಮುಂದು ತಿರುಗಿಸಿ, "ಶುರು ಆಗೋದು ಹಾಕಿದ್ದಾರೆ, ಮುಗಿಯೋದು ಹಾಕಿಲ್ವಲ್ಲ" ಎಂದಳಂತೆ. ನಾದಿನಿಯ ಹಸುಗೂಸನ್ನು ಮೊದಲ ಸಲ ಕೈಗೆ ಕೊಟ್ಟಾಗ ಅಭ್ಯಾಸಬಲದಿಂದ ಅದರ ಪಾದವೆತ್ತಿ ನೋಡಿದಳಂತೆ. ಪಕ್ಕದಲ್ಲಿದ್ದ ನರ್ಸು, "ಅಲ್ಲೇನೂ ಬರೆದಿಲ್ಲ ತಾಯಿ, ಇದು ಗ್ಯಾರಂಟಿ ಮಾಲು" ಎಂದು ಕಿತ್ತುಕೊಂಡಳಂತೆ. ಬಸ್ ಓಡಿಸುವ ಗಂಡ ತನ್ನ ಜೊತೆಗಾರರ ಮುಂದೆ ಆಗಾಗ ಹೇಳುವುದುಂಟು: "ನಾನಂತೂ ಮನೇಲಿ ಬೋರಲು ಮಲಗಲ್ಲಪ್ಪ. ನನ್ನ ಬೆನ್ನ ಮೇಲೆ ಏನು ಬರೆದಿದೆಯೋ! ಅವಳು ಓದಿಬಿಟ್ರೆ ನನ್ನ ಗತಿ ಏನು?"

ಈ ಕಣ್ಣು ಇಪ್ಪತ್ತೆರಡು ವರ್ಷಗಳಿಂದ ಕಾವಲಿದ್ದದ್ದು ಬಸ್ ನಿಲ್ದಾಣದ ಎದುರಿನ ಔಷಧಿ ಅಂಗಡಿಯ ಉಗ್ರಾಣಕ್ಕೆ. ಮುಂದೆ ಗಾಜಿನ ಕೌಂಟರು, ನಡುವೆ ಒಂದು ನೀಲಿ ಪರದೆ, ಅದರ ಹಿಂದೆ ಸೂರಿನವರೆಗೆ ಏರಿದ ಕಬ್ಬಿಣದ ಕಪಾಟುಗಳು, ಗುರುಗುಡುವ ಫ್ರಿಜ್ಜು, ಒಂದು ಏಣಿ, ಕಿಟಕಿಯ ಪಕ್ಕದಲ್ಲಿ ತಾರೀಕಕ್ಕನ ಕುರ್ಚಿ. ಉಗ್ರಾಣದ ಕೀಲಿ ಆಕೆಯ ಸೊಂಟದಲ್ಲಿ. ಯಜಮಾನರೂ ಒಳಗೆ ಬರಬೇಕಾದರೆ ಪರದೆಯಾಚೆ ನಿಂತು ಒಂದು ಸಲ ಕೆಮ್ಮಿ ಬರುತ್ತಿದ್ದರು.

ಆ ಉಗ್ರಾಣದ ಮೂಲೆಯಲ್ಲಿ ಒಂದು ಉಕ್ಕಿನ ಬೀರು. ಅವಧಿ ಮುಗಿದದ್ದು, ಒಡೆದದ್ದು, ತೇವ ಹಿಡಿದದ್ದು, ಮಾರಲು ಬಾರದ್ದು ಎಲ್ಲ ಅಲ್ಲಿಗೆ. ಅಂಗಡಿಯವರೆಲ್ಲ ಅದನ್ನು ಪರಲೋಕ ಎನ್ನುತ್ತಿದ್ದರು. ಮೂರು ತಿಂಗಳಿಗೊಮ್ಮೆ ವ್ಯಾನೊಂದು ಬಂದು ಪರಲೋಕದವರನ್ನು ಪೆಟ್ಟಿಗೆಗಳಲ್ಲಿ ತುಂಬಿಕೊಂಡು ಸುಡುವ ಕಡೆಗೆ ಒಯ್ಯುತ್ತಿತ್ತು. ಈ ಸಲ ಹನ್ನೊಂದು ಪೆಟ್ಟಿಗೆ ಹೊತ್ತು ಬೆವರಿದ ವ್ಯಾನಿನವನು ಹಣೆ ಒರೆಸಿಕೊಂಡು, "ಸಾರ್, ನೀವು ಔಷಧಿ ಅಂಗಡಿ ನಡೆಸ್ತಿದೀರೋ ಇಲ್ಲಾ ನನ್ನ ವ್ಯಾನು ನಡೆಸ್ತಿದೀರೋ?" ಎಂದುಬಿಟ್ಟ.

ಯಜಮಾನರು ಮೆತ್ತನೆಯ ಮನುಷ್ಯ. ಆದರೆ ಮಾತು ಮುಳ್ಳಿನ ಹಾಗೆ ನಾಟಿತು. ಪಕ್ಕದಲ್ಲಿ ಅವರ ಅಳಿಯ ಬೇರೆ ನಿಂತಿದ್ದ. ವ್ಯಾಪಾರ ನಡೆಸುವುದನ್ನೇ ಕಾಲೇಜಿನಲ್ಲಿ ಕಲಿತು ಬಂದ ಹುರುಪಿನ ಹುಡುಗ. ಬಂದು ತಿಂಗಳಾಗಿರಲಿಲ್ಲ, ಆಗಲೇ ಅಂಗಡಿಯ ಬೆಕ್ಕಿಗೂ ಒಂದು ವೇಳಾಪಟ್ಟಿ ಬರೆದಿದ್ದ.

"ಮಾವ, ಉಗ್ರಾಣ ನನಗೆ ಕೊಡಿ. ಸಿಸ್ಟಮ್ಮಿಗೆ ತಂದುಬಿಡ್ತೀನಿ" ಎಂದ ಅಳಿಯ.

ಯಜಮಾನರು ಕೆಮ್ಮಿ ಪರದೆಯೊಳಗೆ ಬಂದರು. "ನೋಡಮ್ಮ, ಮುಂದಿನ ಸಲ ವ್ಯಾನಿಗೆ ನಾಲ್ಕು ಪೆಟ್ಟಿಗೆ. ಅದಕ್ಕಿಂತ ಒಂದು ಹೆಚ್ಚಾದ್ರೂ ಕೀಲಿ ಅಳಿಯಂದಿರಿಗೆ. ನೀನು ಆರಾಮಾಗಿ ಕೌಂಟರಲ್ಲಿ ಕೂತ್ಕೋ, ಫ್ಯಾನಿನ ಕೆಳಗೆ."

ತಾರೀಕಕ್ಕನಿಗೆ ಆ ಫ್ಯಾನಿನ ಗಾಳಿ ಅಲ್ಲಿಂದಲೇ ಚಳಿ ಹುಟ್ಟಿಸಿತು.

ಸಂಜೆ ಗಂಡ ಸಮಾಧಾನ ಹೇಳಿದ. "ಕೀಲಿ ಹೋದ್ರೆ ಹೋಗ್ಲಿ ಬಿಡೇ, ಸಂಬಳ ಬರುತ್ತಲ್ಲ."

"ನಿಮ್ಮ ಸ್ಟೇರಿಂಗ್ ಕಿತ್ಕೊಂಡು, ಹಿಂದಿನ ಸೀಟಲ್ಲಿ ಕೂತು ಸೀಟಿ ಊದ್ರೀ ಅಂದ್ರೆ?"

ಗಂಡ ದಡಕ್ಕನೆ ಎದ್ದು ನಿಂತ. "ಯಾವನೇ ಅವನು ಅಳಿಯ?" ಎಂದು ತೋಳೇರಿಸಿದ.

ಮರುದಿನ ಯುದ್ಧ ಶುರುವಾಯಿತು. ಮೊದಲ ಏಟು ಬಿದ್ದದ್ದು ಕತ್ತರಿಗೆ. ಹತ್ತು ಮಾತ್ರೆಯ ಪಟ್ಟಿಯಲ್ಲಿ ಗಿರಾಕಿ ನಾಲ್ಕು ಕೇಳಿದರೆ ಕೌಂಟರಿನವರು ಕೈಗೆ ಬಂದ ಕಡೆಯಿಂದ ಕತ್ತರಿಸುತ್ತಿದ್ದರು. ತಾರೀಕು ಇರುವ ತುದಿ ಗಿರಾಕಿಯ ಜೊತೆ ಮನೆಗೆ ಹೋದರೆ, ಉಳಿದ ಆರು ಮಾತ್ರೆಗೆ ಹುಟ್ಟೂ ಇಲ್ಲ ಸಾವೂ ಇಲ್ಲ. ಊರು ಕೇರಿ ಗೊತ್ತಿಲ್ಲದವನಿಗೆ ಹೆಣ್ಣು ಕೊಡುವವರಾರು? ನೆಟ್ಟಗೆ ಪರಲೋಕ. ತಾರೀಕಕ್ಕ ಕತ್ತರಿಗೆ ಕೆಂಪು ದಾರ ಕಟ್ಟಿ, "ತಾರೀಕಿನ ತಲೆ ಕೊನೆಗೆ, ಬಾಲ ಮೊದಲು. ತಲೆ ಕತ್ತರಿಸಿದವರ ಕೈಗೆ ಮತ್ತೆ ಕತ್ತರಿ ಇಲ್ಲ" ಎಂದು ಸಾರಿದಳು. ಗಿರಾಕಿಯ ಲಕೋಟೆಯ ಮೇಲೆ ತಾರೀಕನ್ನು ದುಂಡಗೆ ಬರೆದುಕೊಡುವ ಕಟ್ಟಳೆಯೂ ಬಂತು.

ಇನ್ನು ಡಾಕ್ಟರ ಚೀಟಿ. ಕೋಳಿ ಮಣ್ಣು ಕೆದರಿದಂಥ ಅಕ್ಷರ ನೋಡಿ ಇದೇ ಇರಬೇಕು ಎಂದು ಅಂದಾಜಿನ ಮೇಲೆ ಸೀಲು ಒಡೆದು ಕೊಡುವುದು, ಗಿರಾಕಿ ಸಂಜೆ ಬೈಯುತ್ತ ವಾಪಸು ತರುವುದು, ಒಡೆದ ಸೀಸೆ ಮತ್ತೆ ಮಾರಲು ಬಾರದೆ ಬೀರು ಸೇರುವುದು. ಒಂದು ತಪ್ಪಿಗೆ ಮೂರು ಸಲ ದುಡಿಮೆ, ಕೊನೆಗೆ ಕೈಗೆ ಬಂದದ್ದು ಬೈಗುಳ. "ಗೊತ್ತಾಗದಿದ್ರೆ ಫೋನ್ ಮಾಡಿ ಕೇಳಿ. ಡಾಕ್ಟರು ಬೈದ್ರೆ ನನ್ನ ಹೆಸರು ಹೇಳಿ" ಎಂದಳು. ವಾರದೊಳಗೆ ಎದುರಿನ ಡಾಕ್ಟರು ಫೋನಿನ ಕಾಟಕ್ಕೆ ಬೇಸತ್ತು ಬಿಡಿಸಿ ಬರೆಯತೊಡಗಿದರು. ಅವರ ಹೆಂಡತಿಯೇ ಬಂದು, "ಇವರಿಗೆ ಇಷ್ಟು ಚೆಂದ ಬರೆಯೋಕೆ ಬರುತ್ತೆ ಅಂತ ನನಗೇ ಗೊತ್ತಿರಲಿಲ್ಲ" ಎಂದು ಕೈ ಮುಗಿದು ಹೋದರು.

ಅತಿ ಘೋರ ಕಾಳಗ ನಡೆದದ್ದು ಕಂಪನಿಯ ಮಾರಾಟಗಾರನ ಜೊತೆ. ಯಜಮಾನರಿಗೆ ಬಿಟ್ಟಿ ಎಂಬ ಪದ ಕೇಳಿದರೆ ಮೈ ಜುಮ್ಮೆನ್ನುತ್ತಿತ್ತು. ಬೇಕೋ ಬೇಡವೋ ತಗೊಂಡುಬಿಡುತ್ತಿದ್ದರು. ಪರಲೋಕದ ಅರ್ಧ ಜನಸಂಖ್ಯೆ ಹಾಗೆ ಬಂದದ್ದು.

"ಸಾರ್, ಹೊಸ ಮುಲಾಮು, ಹತ್ತಕ್ಕೆ ಎರಡು ಫ್ರೀ!" ಎಂದ ಅವನು ಚೀಲ ಬಿಚ್ಚುತ್ತ.

ಯಜಮಾನರ ಕೈ ಮುಂದೆ ಚಾಚಿತು. ಅಷ್ಟರಲ್ಲಿ ಪರದೆ ಸರಿಯಿತು.

"ಆ ಎರಡು ಮಾತ್ರ ಕೊಟ್ಟುಬಿಡಪ್ಪ" ಎಂದಳು ತಾರೀಕಕ್ಕ. "ಹತ್ತು ನೀನೇ ಇಟ್ಕೋ."

"ಹಾಗೆ ಬರಲ್ಲಕ್ಕ..."

"ಹಾಗಾದ್ರೆ ಅದು ಫ್ರೀ ಅಲ್ಲ. ತಿರುಗಿಸು, ತಾರೀಕು ನೋಡೋಣ. ಇನ್ನು ನಾಲ್ಕೇ ತಿಂಗಳು! ನಮ್ಮಲ್ಲಿ ಇದು ತಿಂಗಳಿಗೆ ಒಂದು ಹೋದ್ರೆ ಹೆಚ್ಚು. ಉಳಿದಿದ್ದನ್ನ ನಾನು ತಲೆಗೆ ಹಚ್ಕೊಳ್ಲಾ?"

ಅವನು ಚೀಲ ಕಟ್ಟಿದ. ಯಜಮಾನರು ಚಾಚಿದ ಕೈಯಿಂದ ತಲೆ ಕೆರೆದುಕೊಂಡರು.

ಕಪಾಟುಗಳನ್ನು ಒದ್ದೆ ಗೋಡೆಯಿಂದ ಒಂದು ಗೇಣು ಈಚೆಗೆ ಎಳೆಸಿದ್ದಾಯಿತು. ಕೊನೆಗೆ ಪ್ರತಿ ಕಪಾಟಿನ ಹಣೆಗೂ ಒಂದು ರಟ್ಟು ಬಂತು: ಹಿರಿಯರು ಮುಂದೆ. ಹೊಸ ಮಾಲು ಬಂದರೆ ಹಿಂದೆ ಹೋಗಿ ನಿಲ್ಲಬೇಕು, ಹಳೆಯದು ಮುಂದೆ ಬಂದು ಮೊದಲು ಮಾರಾಟವಾಗಬೇಕು. ಅಷ್ಟೇ ಶಾಸ್ತ್ರ. ಎರಡು ತಿಂಗಳು ದಾಟಿದರೂ ಪರಲೋಕದಲ್ಲಿ ಕಷ್ಟಪಟ್ಟು ಎಣಿಸಿದರೆ ಎರಡು ಪೆಟ್ಟಿಗೆ ಮಾಲಿತ್ತು. ತಾರೀಕಕ್ಕ ಕುರ್ಚಿಯಲ್ಲಿ ಕುಳಿತು ಕಾಲು ಅಲ್ಲಾಡಿಸತೊಡಗಿದಳು.

ಯಾವ ಕಣ್ಣಿಗೆ ಲೋಕ ಹೆದರುತ್ತಿತ್ತೋ, ಆ ಕಣ್ಣಿಗೇ ಆಗ ಬೇನೆ ಬಂತು. ಎರಡೂ ಕೆಂಡದ ಹಾಗೆ ಕೆಂಪಾಗಿ ನೀರು ಸುರಿಸಿದವು. ಹತ್ತು ದಿನ ಮನೆ ಬಿಟ್ಟು ಕದಲಬೇಡ ಎಂದರು ಡಾಕ್ಟರು, ಬಿಡಿಸಿದ ಅಕ್ಷರದಲ್ಲಿ. ವಿಧಿಯಿಲ್ಲದೆ ಕೀಲಿಗೊಂಚಲನ್ನೇ ಅಂಗಡಿಗೆ ಕಳಿಸಿ, ಆ ಹತ್ತು ದಿನ ಗಂಡ ಮನೆಗೆ ಬರುವವರೆಗೆ ಬಾಗಿಲು ತೆರೆದಿಟ್ಟುಕೊಂಡೇ ಕುಳಿತಳು.

ಗುಣವಾಗಿ ಬಂದಾಗ ವ್ಯಾನು ಬರಲು ಹನ್ನೆರಡು ದಿನ ಉಳಿದಿತ್ತು. ಅಳಿಯ ಮುಖವೆಲ್ಲ ಹಲ್ಲಾಗಿ ಎದುರಾಗಿ ಕೀಲಿಗೊಂಚಲು ಒಪ್ಪಿಸಿದ.

"ಅಕ್ಕಾ, ನಿಮಗೆ ಖುಷಿ ಆಗ್ಲಿ ಅಂತ ಇಡೀ ಉಗ್ರಾಣ ನಾನೇ ಜೋಡಿಸಿದೀನಿ. ನಿಮ್ಮ ರಟ್ಟಿನ ಪ್ರಕಾರವೇ. ಹಿರಿಯರು ಮುಂದೆ!"

ನಿಜವಾಗಿ ಎಲ್ಲ ಕವಾಯತಿಗೆ ನಿಂತ ಹಾಗೆ ಸಾಲಾಗಿತ್ತು. ತಾರೀಕಕ್ಕ ಸಲೈನ್ ಬಾಟಲಿಗಳ ಕಪಾಟಿನ ಹಿಂದಕ್ಕೆ ಕೈ ಹಾಕಿ ಒಂದನ್ನು ತೆಗೆದು ಮಗುಚಿದಳು. ಇನ್ನೊಂದು. ಮತ್ತೊಂದು. ಆಕೆಯ ಮುಖ ಸಲೈನಿನಷ್ಟೇ ಬಣ್ಣಗೆಟ್ಟಿತು.

"ಅಳಿಯಂದಿರೇ, ಯಾವ ತಾರೀಕು ನೋಡಿ ಜೋಡಿಸಿದ್ರಿ?"

"ತಯಾರಾದ ತಾರೀಕು. ಮೊದಲು ಹುಟ್ಟಿದವರು ತಾನೇ ಹಿರಿಯರು?"

"ಅಯ್ಯೋ ನನ್ನಪ್ಪ!" ಆಕೆ ಏಣಿಯ ಮೆಟ್ಟಿಲ ಮೇಲೇ ಕುಳಿತಳು. "ಇದು ಮನೆಯಲ್ಲ, ಔಷಧಿ ಅಂಗಡಿ. ಇಲ್ಲಿ ಹುಟ್ಟಿದ್ದು ಯಾರಿಗೆ ಬೇಕು? ಹೋಗೋದು ಯಾವಾಗ ಅಂತ ನೋಡ್ಬೇಕು. ಈ ಕಂಪನಿ ಬಾಟಲಿ ಮೊದಲು ಹುಟ್ಟಿದ್ರೂ ಮೂರು ವರ್ಷ ಬಾಳುತ್ತೆ. ಆ ಕಂಪನೀದು ಆಮೇಲೆ ಹುಟ್ಟಿದ್ದು, ಆದ್ರೆ ಒಂದೂವರೆ ವರ್ಷಕ್ಕೇ ಮುಗಿಯುತ್ತೆ. ನೀವು ಗಟ್ಟಿಮುಟ್ಟಾದ ಅಜ್ಜನ್ನ ಬಾಗಿಲಲ್ಲಿ ನಿಲ್ಲಿಸಿ, ಉಸಿರು ಎಳೀತಿರೋ ಮೊಮ್ಮಗನ್ನ ಅಟ್ಟದ ಮೇಲೆ ಕೂರಿಸಿದೀರಿ!"

ಆ ಹತ್ತು ದಿನವೂ ಇನ್ನೂ ಬಾಳುವವು ಮಾರಾಟವಾಗಿ, ಸಾಯುವವು ಹಿಂದೆ ಉಳಿದಿದ್ದವು. ಮೂರು ಪೆಟ್ಟಿಗೆ ಸಲೈನು, ವ್ಯಾನು ಬರುವ ಹಿಂದಿನ ದಿನಕ್ಕೆ ಅವಧಿ ಮುಕ್ತಾಯ. ಎರಡಕ್ಕೆ ಮೂರು ಸೇರಿದರೆ ಐದು. ಕೀಲಿ ಹೋಯಿತು. ಅಳಿಯನಿಗೂ ಲೆಕ್ಕ ಹೊಳೆದು ಕಿವಿ ಕೆಂಪಾಯಿತು.

"ಅಕ್ಕಾ, ನಾನು ಬೇಕಂತ ಮಾಡಿದ್ದಲ್ಲ."

"ಗೊತ್ತು ಕಣಪ್ಪ. ಬೇಕಂತ ಮಾಡೋಕೆ ಇದಕ್ಕಿಂತ ಬುದ್ಧಿ ಬೇಕು. ಎತ್ತು ಪೆಟ್ಟಿಗೆ."

ರಸ್ತೆಯಾಚೆ ನರ್ಸಿಂಗ್ ಹೋಮು. ಅಲ್ಲಿ ಸಲೈನು ನೀರಿನಂತೆ ಖರ್ಚು. ಔಷಧಿ ಕೋಣೆಯ ಒಡತಿ ದೊಡ್ಡ ಸಿಸ್ಟರ್, ನಕ್ಕರೆ ಕಿಟಕಿ ಗಾಜು ಅದುರುವಂಥ ಹೆಂಗಸು.

"ಏನ್ರೀ ತಾರೀಕಕ್ಕ, ಯಾವ ಮುದುಕರನ್ನ ನಮ್ಮನೆಗೆ ತಂದಿದೀರಿ?"

"ಮುಚ್ಚುಮರೆ ಇಲ್ಲ ಸಿಸ್ಟರ್. ಇನ್ನು ಹನ್ನೊಂದು ದಿನ ಬಾಳ್ವೆ. ನಿಮಗೆ ದಿನಕ್ಕೆ ಎಷ್ಟು ಬೇಕು?"

"ಒಂದು ಪೆಟ್ಟಿಗೆ."

"ಹಾಗಾದ್ರೆ ಇವು ಮೂರು ದಿನದ ನೆಂಟರು. ಇವನ್ನ ಇವತ್ತಿಂದಲೇ ಖರ್ಚು ಮಾಡಿ. ನಿಮ್ಮಲ್ಲಿರೋ ಹೊಸ ಮೂರು ಪೆಟ್ಟಿಗೆ ನನಗೆ ಕೊಡಿ, ಅದಲು ಬದಲು."

"ನನಗೇನು ಬಂತು ಇದರಲ್ಲಿ?"

"ಹೋದ ವರ್ಷ ಭಾನುವಾರ ಮಧ್ಯಾಹ್ನ ನಿಮ್ಮಲ್ಲಿ ಇಂಜೆಕ್ಷನ್ ಮುಗಿದಾಗ, ಅರ್ಧ ಊಟದಲ್ಲಿ ಎದ್ದು ಬಂದು ಅಂಗಡಿ ತೆಗೆದಿದ್ದು ಯಾರು?"

"ಅಬ್ಬಾ, ಅದನ್ನ ಇನ್ನೂ ಇಟ್ಕೊಂಡಿದೀರಾ?"

"ನನ್ನ ಉಪಕಾರಕ್ಕೆ ಎಕ್ಸ್‌ಪೈರಿ ಹಾಕಿಲ್ಲ ಸಿಸ್ಟರ್."

ಕಿಟಕಿ ಗಾಜು ಅದುರಿತು. ಸಿಸ್ಟರ್ ಒಂದೊಂದು ಬಾಟಲಿಯನ್ನೂ ಬೆಳಕಿಗೆ ಹಿಡಿದು ನೋಡಿದರು, ಡಾಕ್ಟರನ್ನು ಕೇಳಿ ಒಪ್ಪಿಗೆ ಪಡೆದರು. ತಾರೀಕಕ್ಕ ಪೆಟ್ಟಿಗೆಗಳ ಮೇಲೆ ಅವಧಿಯನ್ನು ಅಂಗೈಯಗಲ ಬರೆದಳು. ನಾಲ್ಕನೇ ದಿನ ಹೋಗಿ ನೋಡಿದಾಗ ಪೆಟ್ಟಿಗೆಗಳು ಖಾಲಿ. ಅಷ್ಟರಲ್ಲಿ ಅಳಿಯ ಇಡೀ ಉಗ್ರಾಣವನ್ನು ಮತ್ತೊಮ್ಮೆ ಜೋಡಿಸಿದ್ದ. ರಟ್ಟುಗಳ ಮೇಲೆ 'ಹಿರಿಯರು' ಎಂಬುದನ್ನು ಹೊಡೆದುಹಾಕಿ ಅವನೇ ಕೆಂಪು ಶಾಯಿಯಲ್ಲಿ ಬರೆದಿದ್ದ: ಹೊರಡುವವರು ಮುಂದೆ.

ವ್ಯಾನು ಬಂತು. ಅಂಗಡಿಯವರೆಲ್ಲ ಬಾಗಿಲಲ್ಲಿ ಸಾಲುಗಟ್ಟಿದರು. ಪರಲೋಕದ ಬಾಗಿಲು ತೆರೆಯಿತು. ಒಂದು ಪೆಟ್ಟಿಗೆ. ಎರಡು. ವ್ಯಾನಿನವನು ಮತ್ತೆ ಒಳಗೆ ಹೋದ. ಯಜಮಾನರು ಉಸಿರು ಬಿಗಿಹಿಡಿದರು. ಅವನು ಬರಿಗೈಲಿ ಬಂದ.

"ಇಷ್ಟೇನಾ ಸಾರ್? ಇದಕ್ಕೆ ನನ್ನ ಹೆಂಡತಿ ಸ್ಕೂಟರ್ ಸಾಕಿತ್ತಲ್ಲ!"

"ಮಾವ, ಐದು ಆಗ್ತಿತ್ತು, ನನ್ನಿಂದ. ಎರಡಕ್ಕೆ ನಿಲ್ಲಿಸಿದ್ದು ಅಕ್ಕ" ಎಂದು ಅಳಿಯ ಕೇಳುವ ಮೊದಲೇ ನಡೆದದ್ದನ್ನೆಲ್ಲ ಒಪ್ಪಿಸಿಬಿಟ್ಟ.

ಯಜಮಾನರ ಕಣ್ಣು ಒದ್ದೆಯಾಯಿತು. ಅವರು ಕೌಂಟರಿನ ಮುಂದೆ ನಿಂತು, ಮೂವರು ಗಿರಾಕಿಗಳನ್ನೂ ಕಾಯಿಸಿ, ಭಾಷಣವನ್ನೇ ಮಾಡಿದರು. ಇಂಥ ನಿಷ್ಠೆ ಈ ಕಾಲದಲ್ಲಿ ಎಲ್ಲಿದೆ ಎಂದರು. ಈ ಕೀಲಿ ಬರೀ ಕೀಲಿಯಲ್ಲ, ನಂಬಿಕೆ ಎಂದರು. ಗಿರಾಕಿಗಳು ಚಪ್ಪಾಳೆ ತಟ್ಟಿದರು. ಒಬ್ಬನಂತೂ ಕೆಮ್ಮಿನ ಔಷಧಿಗೆ ಬಂದವನು, ಕೆಮ್ಮುವುದನ್ನೂ ಮರೆತು ನಿಂತ.

"ಹೇಳಮ್ಮ" ಎಂದರು ಯಜಮಾನರು, ಭಾಷಣದ ಕೊನೆಗೆ. "ಮೂರು ತಿಂಗಳು ಈ ಕೀಲಿಗೋಸ್ಕರ ಇಷ್ಟೆಲ್ಲ ಹೋರಾಡಿದೆಯಲ್ಲ, ನಿನ್ನ ಮನಸ್ಸಲ್ಲಿ ಇದ್ದಿದ್ದಾದ್ರೂ ಏನು?"

ತಾರೀಕಕ್ಕ ಸೊಂಟದಿಂದ ಗೊಂಚಲು ತೆಗೆದು ನೋಡಿದಳು.

"ಇದರಲ್ಲೇ ನಮ್ಮನೆ ಕೀಲೀನೂ ಸಿಕ್ಕಿಹಾಕ್ಕೊಂಡಿದೆ ಯಜಮಾನ್ರೇ. ರಿಂಗು ತುಕ್ಕು ಹಿಡಿದು ಬಿಚ್ಚೋಕೆ ಬರಲ್ಲ."