ನಡುಮನೆ ಆದಾಯ

ಸರ್ವೆ ಕೆಲಸಕ್ಕೆ ನನ್ನನ್ನು ತೆಗೆದುಕೊಂಡದ್ದು ಲೆಕ್ಕ ಬರುತ್ತದೆ ಎಂದಲ್ಲ, ಬಾಯಿ ಬರುತ್ತದೆ ಎಂದು. ಮಂಡ್ಯದಲ್ಲಿ ಎರಡು ದಿನ ತರಬೇತಿ ಕೊಟ್ಟ ಮೇಲ್ವಿಚಾರಕರು ಬೋರ್ಡಿನ ಮೇಲೆ ‘ಮಧ್ಯಾಂಕ’ ಎಂದು ದಪ್ಪಗೆ ಬರೆದರು.

“ಸರಾಸರಿ ನಂಬಬೇಡಿ. ಊರಲ್ಲಿ ಒಬ್ಬ ಜಲ್ಲಿ ಕ್ರಷರ್ ಇಟ್ಟಿದ್ದರೆ ಸರಾಸರಿಯಲ್ಲಿ ಊರೆಲ್ಲ ಸಾಹುಕಾರರೇ. ಎಲ್ಲ ಮನೆಗಳನ್ನೂ ಆದಾಯದ ಪ್ರಕಾರ ಸಾಲಾಗಿ ನಿಲ್ಲಿಸಿ, ಸರಿಯಾಗಿ ನಡುವೆ ನಿಂತ ಮನೆಯದನ್ನು ನೋಡಿ. ಮೂರು ವರ್ಷ ಬಿಟ್ಟು ಅವೇ ಮನೆಗಳಿಗೆ ಹೋಗಿ ಮತ್ತೆ ನೋಡಿ. ಎರಡು ಸುತ್ತು ತಾಳೆಯಾಗದವರಿಗೆ ಮೂರನೆಯ ಸುತ್ತಿಗೆ ಕರೆಯಿಲ್ಲ.”

ಮಳವಳ್ಳಿಯ ನನ್ನ ಬಾಡಿಗೆ ಮನೆ ನಡೆಯುತ್ತಿದ್ದದ್ದೇ ಇಂಥ ಸರ್ವೆಗಳಿಂದ. ಹಾಗಾಗಿ ಕೊನೆಯ ಮಾತು ಮಾತ್ರ ನನಗೆ ಚೆನ್ನಾಗಿ ನೆನಪುಳಿಯಿತು.

ನನಗೆ ಸಿಕ್ಕಿದ್ದು ಮದ್ದೂರು ಕಡೆಯ ಕೊಪ್ಪದ ಪಕ್ಕದ ಒಂದು ಹಳ್ಳಿ. ಕಬ್ಬು, ಭತ್ತ, ಮನೆಗೆರಡು ಬೈಕು. ಅಲ್ಲಿ ಹೋಗಿ ‘ಮಧ್ಯಾಂಕ’ ಎಂದರೆ ಯಾರು ಬಾಗಿಲು ತೆಗೆಯುತ್ತಾರೆ? ನನ್ನ ಮಾತೆಲ್ಲ ಅಜ್ಜಿಯಿಂದ ಬಂದದ್ದು. ನಡುವೆ ನಿಂತ ಮನೆ ಎಂದರೆ ನಡುಮನೆ ಎಂದು ಆ ಜಂಬದಲ್ಲೇ ತಿರುಗಿಸಿಕೊಂಡು, ಮನೆಮನೆಯಲ್ಲೂ, “ಊರಿನ ನಡುಮನೆ ಆದಾಯ ಎಷ್ಟು ಅಂತ ನೋಡ್ತಾ ಇದೀವಿ, ನಿಮ್ಮದು ಹೇಳಿ” ಎಂದೆ. ಜನ ತಲೆದೂಗಿದರು. ಗಂಡಸರು ನಡುಮನೆಯಲ್ಲಿ ಚಾಪೆ ಹಾಸಿ ಕೂರಿಸಿ ಬರೆಸಿದರು. ಒಳಗಿನಿಂದ ಕಾಫಿ ಬಂತು. ಇಷ್ಟು ಸಲೀಸಾದ ಸರ್ವೆ ಮತ್ತೊಂದಿಲ್ಲ ಎಂದುಕೊಂಡೆ.

ಮೂರು ವರ್ಷ ಕಳೆದು ಎರಡನೆಯ ಸುತ್ತಿಗೆ ಹೋದಾಗ ಮೊದಲ ಮನೆಯಲ್ಲೇ ಯಜಮಾನ ಇರಲಿಲ್ಲ, ಗದ್ದೆಗೆ ನೀರು ತಿರುಗಿಸಲು ಹೋಗಿದ್ದ. ಅವನ ಹೆಂಡತಿ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದಳು. ಅಲ್ಲೇ ಒಂದು ಬಕೆಟ್ ಬೋರಲು ಹಾಕಿಕೊಂಡು ಕೂತು ಕೇಳಿದೆ. ಅವಳು ಕಬ್ಬಿಗೂ ಮೊದಲು ಹಾಲಿನ ದುಡ್ಡು ಹೇಳಿದಳು. ಹಿಂದಿನ ಫಾರಂ ತಿರುವಿದೆ. ಅದರಲ್ಲಿ ಹಾಲಿನ ಸುದ್ದಿಯೇ ಇಲ್ಲ.

“ಹಸು ಯಾವಾಗ ತಂದ್ರಿ?”

“ಅಯ್ಯೋ, ನಾನು ಈ ಮನೆಗೆ ಬಂದಾಗ್ಲಿಂದ ಅವೆ ಕಣಕ್ಕ.”

“ಮತ್ತೆ ಹೋದ ಸಲ ಯಾಕೆ ಬರೆಸಲಿಲ್ಲ?”

“ನೀನು ಕೇಳಿದ್ದು ನಡುಮನೇದು ಅಲ್ವಾ? ಕಬ್ಬು, ಭತ್ತದ ದುಡ್ಡು ನಡುಮನೇಲಿ ಕುಂತು ಎಣಿಸೋದು. ಆಲಿನ ದುಡ್ಡು ಕೊಟ್ಗೇದು. ನೆಟ್ಟಗೆ ಅಡ್ಗೆಮನೆಗೆ ಓಯ್ತದೆ. ಕೊಟ್ಗೇದು ಕೇಳಿದ್ರೆ ಏಳ್ತಿರ್ನಿಲ್ವಾ?”

ಉಳಿದ ಮನೆಗಳ ಹಳೆಯ ಫಾರಂಗಳನ್ನೂ ತಿರುವಿದೆ; ಎಲ್ಲೂ ಹಾಲಿಲ್ಲ. ಇದು ಒಂದು ಮನೆಯ ಮಾತಲ್ಲ. ಊರಿಗೂರೇ ನನಗೆ ಹಾಗೇ ಬರೆಸಿತ್ತು. ಈಗ ಹಾಲು ಸೇರಿಸಿದರೆ ಮೂರೇ ವರ್ಷದಲ್ಲಿ ಊರಿಗೆ ಲಾಟರಿ ಹೊಡೆದಂತೆ ಕಾಣುತ್ತದೆ, ಮೇಲ್ವಿಚಾರಕರು ಬಿಡುವುದಿಲ್ಲ. ಸೇರಿಸದೆ ಬಿಟ್ಟರೆ ಎಲ್ಲ ತಾಳೆ; ಕೆಲಸವೂ ಉಳಿಯುತ್ತದೆ. ಬಿಟ್ಟುಬಿಡೋಣ ಎಂದು ಮನಸ್ಸು ಮುಕ್ಕಾಲು ವಾಲಿತ್ತು, ಸುಳ್ಳೇಕೆ ಹೇಳಲಿ.

ಅಷ್ಟರಲ್ಲಿ ಯಜಮಾನ ಬೈಕಿನಲ್ಲಿ ಬಂದ. “ಯಾಕಕ್ಕ, ನಡುಮನೆ ಬುಟ್ಟು ಸಗಣಿ ತಾವ ಕುಂತಿದ್ದೀರಿ?”

“ಆಲಿಂದು ಬರ್ಕೊತಾವ್ರೆ,” ಎಂದಳು ಹೆಂಡತಿ.

“ಅದೇನು ಆದಾಯನೇನೇ? ಮನೆ ಖರ್ಚಿಗೆ ಆಯ್ತದೆ ಅಷ್ಟೆ.”

“ನಿನ್ನ ಕಬ್ಬು ವರ್ಷಕ್ಕೊಂದು ಕಿತ ದುಡ್ಡು ಕಾಣಿಸ್ತದೆ. ಅಲ್ಲೀಗಂಟ ನಿನ್ನ ಬೈಕು ನೀರು ಕುಡ್ಕೊಂಡು ಓಡ್ತದಾ? ಬರೀ ಅಕ್ಕ ನೀನು. ಸುಮ್ನೆ ಅಲ್ಲ, ಪುಸ್ತಕ ಅದೆ.”

ಒಳಗೆ ಹೋಗಿ, ಅಕ್ಕಿ ಡ್ರಮ್ಮಿನಲ್ಲಿಟ್ಟಿದ್ದ, ದಾರ ಸುತ್ತಿದ ಹಾಲಿನ ಡೈರಿಯ ಪುಸ್ತಕಗಳ ಕಟ್ಟನ್ನು ತಂದಳು. ಬಟವಾಡೆಯಾದ ಪ್ರತಿಯೊಂದು ವಾರದ್ದೂ ಅದರಲ್ಲಿತ್ತು, ಮೂರು ವರ್ಷದ ಹಿಂದಿನದೂ! ಯಜಮಾನ ಪುಟ ತಿರುವುತ್ತಾ ತಿರುವುತ್ತಾ ಮೆತ್ತಗಾದ. “ಲೇ, ಇಷ್ಟೊಂದಾ?” ಎಂದ. ಅವಳು ಹಸುವಿನ ಬೆನ್ನು ಸವರಿದಳು.

ಪುಸ್ತಕ ಇಟ್ಟುಕೊಂಡು ಕಾಯುತ್ತಿರುವವಳ ಮುಂದೆ ಹಾಲಿನ ಲೆಕ್ಕ ಖಾಲಿ ಬಿಡುವುದು ನನ್ನ ಕೈಲಾಗಲಿಲ್ಲ. ಹಿತ್ತಲಿಗೆ ಹೋಗಿ ಮೇಲ್ವಿಚಾರಕರಿಗೆ ಫೋನು ಮಾಡಿ ಎಲ್ಲ ಒದರಿದೆ.

“ನಡುಮನೆ ಅಂತ ಯಾರಮ್ಮ ಹೇಳಿಕೊಟ್ಟಿದ್ದು?”

“ನಮ್ಮಜ್ಜಿ ಸಾರ್.”

“ಹಾಗಾದ್ರೆ ಹಳೇ ಸುತ್ತನ್ನೂ ಸೇರಿಸಿ ಎರಡನ್ನೂ ಸರಿ ಮಾಡಿ. ಬಸ್ ಚಾರ್ಜು ನಿಮ್ಮಜ್ಜಿ ಹತ್ರ ಇಸ್ಕೊಳ್ಳಿ.”

ಎಂಟು ದಿನ, ಮದ್ದೂರಿನಲ್ಲಿ ಬಸ್ಸು ಬದಲಿಸಿ ಓಡಾಡಿದೆ. ಡ್ರಮ್ಮು, ಟ್ರಂಕು, ದೇವರ ಗೂಡು, ಎಲ್ಲೆಲ್ಲಿಂದಲೋ ಹಳೆಯ ಪುಸ್ತಕಗಳು ಹೊರಬಂದವು. ಎರಡು ಸುತ್ತಿನ ಸಾಲನ್ನೂ ಹೊಸದಾಗಿ ನಿಲ್ಲಿಸಿದಾಗ, ಜಮೀನು ಕಡಿಮೆಯಿದ್ದು ಎರಡು ಹಸು ಕಟ್ಟಿದ್ದ ಮನೆಗಳು ಎಷ್ಟೋ ಕಬ್ಬಿನ ಮನೆಗಳನ್ನು ದಾಟಿ ಮುಂದೆ ಹೋಗಿದ್ದವು. ನಡುವೆ ನಿಂತ ಮನೆಯೇ ಬೇರೆಯಾಗಿತ್ತು. ಊರಿಗೆ ಲಾಟರಿಯೇನೂ ಹೊಡೆದಿರಲಿಲ್ಲ. ಹೇರು ಹೊತ್ತ ಗಾಡಿ ಏರು ಹತ್ತುವ ಹಾಗೆ, ನಿಧಾನವಾಗಿ ಮೇಲೇರಿತ್ತು.

ಮೂರನೆಯ ಸುತ್ತಿಗೆ ಕರೆ ಬರುವುದಿಲ್ಲವೆಂದೇ ಅಂದುಕೊಂಡಿದ್ದೆ. ಬಂತು. ಜೊತೆಗೆ ಬಂದ ಹೊಸ ಫಾರಂನಲ್ಲಿ ಹಾಲಿಗೆ ಬೇರೆಯೇ ಒಂದು ಕಲಂ, ಅದರ ಕೆಳಗೆ ಮೇಲ್ವಿಚಾರಕರ ಪುಸ್ತಕದ ಕನ್ನಡದಲ್ಲಿ ಒಂದು ಸೂಚನೆ: ‘ಸದರಿ ಮಾಹಿತಿಯನ್ನು ಹಾಲು ಕರೆಯುವವರಿಂದಲೇ ಪಡೆಯತಕ್ಕದ್ದು.’