ನಲವತ್ತೆರಡನೇ ಪಾವತಿ

1973ರಲ್ಲಿ ನಾನು ಸೊಲ್ಲಾಪುರದ ಒಂದು ಖಾಸಗಿ ಕಾಲೇಜಿನಲ್ಲಿ ವಾಣಿಜ್ಯ ವಿಭಾಗದ ಅಧ್ಯಾಪಕನಾಗಿದ್ದೆ. ಆಗ ನನಗೆ ಮೂವತ್ತಾರು ವರ್ಷ. ಪಾಠದ ಜೊತೆಗೆ ಇನ್ನೊಂದು ಕೆಲಸವೂ ನನ್ನ ಕೊರಳಿಗೆ ಬಿದ್ದಿತ್ತು. ವಿದ್ಯಾರ್ಥಿ ಸಂಘಗಳು ಊರೂರಿನಲ್ಲಿ ಎತ್ತುವ ವರ್ಗಣಿ, ಅಂದರೆ ವಂತಿಗೆ, ಅದರ ಮೇಲ್ವಿಚಾರಣೆ.

ಹಿಂದಿನ ವರ್ಷ ಒಂದು ಸಂಘದ ಹುಡುಗರು ವಾರ್ಷಿಕ ಗ್ಯಾದರಿಂಗಿಗೆಂದು ಪೇಟೆಯಲ್ಲಿ ಡಬ್ಬಿ ಹಿಡಿದು ತಿರುಗಿದ್ದರು. ಡಬ್ಬಿಗೆ ಮೊಹರಿಲ್ಲ, ಕೊಟ್ಟವರಿಗೆ ರಸೀದಿಯಿಲ್ಲ. ಎಷ್ಟು ಕೂಡಿತು, ಯಾರ ಕಿಸೆಗೆ ಹೋಯಿತು ಎಂಬುದು ಕೊನೆಗೂ ತಿಳಿಯಲಿಲ್ಲ. ವ್ಯಾಪಾರಿಗಳು ಕಾಲೇಜಿಗೇ ಬಂದು ಜಗಳ ತೆಗೆದರು. ಆಮೇಲೆ ಪ್ರಿನ್ಸಿಪಾಲರು ನನ್ನನ್ನು ಕರೆದು ನಿಯಮಾವಳಿ ಬರೆಯಲು ಹೇಳಿದರು. ಬರೆದೆ. ವಂತಿಗೆಗೆ ಹೊರಡುವ ಮುನ್ನ ಹೋಗುವವರ ಹೆಸರು, ಊರು, ದಿನ ನಮೂದಿಸಿದ ಅನುಮತಿ ಪತ್ರ ಬೇಕು. ಕ್ರಮಸಂಖ್ಯೆಯಿದ್ದ ಪಾವತಿ ಪುಸ್ತಕ ಬೇಕು. ರಸೀದಿಗೆ ನಮ್ಮ ಕಡೆ ಪಾವತಿ ಎನ್ನುತ್ತಾರೆ. ಕಾರ್ಬನ್ ಪ್ರತಿ ಕಚೇರಿಗೆ ಬರಬೇಕು. ಹಣವನ್ನು ಎರಡು ದಿನದೊಳಗೆ ಬ್ಯಾಂಕಿಗೆ ಕಟ್ಟಬೇಕು. ಗುಡಿಯ ಆವರಣದಲ್ಲಿ ಕೈಯೊಡ್ಡುವಂತಿಲ್ಲ. ಹತ್ತು ರೂಪಾಯಿಗೆ ಮೇಲ್ಪಟ್ಟು ಕೊಟ್ಟವರ ಹೆಸರಿಲ್ಲದ ಹಣ ಸ್ವೀಕರಿಸುವಂತಿಲ್ಲ. ಕೊನೆಯದಾಗಿ, ನೂರರ ಮೇಲೆ ಕೊಟ್ಟವರಿಗೆಲ್ಲ ನಾನೇ ಒಂದು ಪೋಸ್ಟ್ ಕಾರ್ಡ್ ಬರೆದು, ಹಣ ತಲುಪಿದೆಯೆಂದು ತಿಳಿಸುತ್ತಿದ್ದೆ. ಅದು ಧನ್ಯವಾದದ ರೂಪದಲ್ಲಿದ್ದ ತಪಾಸಣೆ. ಈ ಉಪಾಯದ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯೂ ಇತ್ತು.

ಆ ಜುಲೈಯಲ್ಲಿ ಬುಕ್ ಬ್ಯಾಂಕ್ ಮಂಡಳದವರು ಅನುಮತಿ ಕೇಳಿದರು. ಕೊಳ್ಳಲು ಶಕ್ತಿಯಿಲ್ಲದ ವಿದ್ಯಾರ್ಥಿಗಳಿಗೆ ವರ್ಷದ ಮಟ್ಟಿಗೆ ಪಠ್ಯಪುಸ್ತಕ ಕೊಡುವ ಸಂಘ ಅದು. ಕಾರ್ಯದರ್ಶಿ ಸುಮನ ಬನಸೋಡೆ, ಬಿ.ಎ. ಎರಡನೇ ವರ್ಷದವಳು. ಮಂಗಳವೇಢೆ ತಾಲೂಕಿನ ಸಲಗರ ಬುದ್ರುಕದ, ಹೊಸದಾಗಿ ಬೌದ್ಧರಾದ ದಲಿತ ಕುಟುಂಬ. ತಂದೆ ರೈಲ್ವೆಯಲ್ಲಿ ಗ್ಯಾಂಗ್‌ಮನ್. ಹುಡುಗಿ ಮಾತು ಕಡಿಮೆ, ಅಕ್ಷರ ದುಂಡಗೆ. ಇನ್ನಿಬ್ಬರ ಜೊತೆ ಆಕೆ ಒಂದು ಗುರುವಾರ ಅಕ್ಕಲಕೋಟಕ್ಕೆ ಹೋಗಿಬಂದಳು. ಮರುದಿನವೇ ಹಣ ಬ್ಯಾಂಕಿಗೆ ಬಿತ್ತು. ಲೆಕ್ಕದಲ್ಲಿ ಒಂದು ಪೈಸೆಯ ವ್ಯತ್ಯಾಸವಿರಲಿಲ್ಲ.

ಪಾವತಿಗಳಲ್ಲಿ ಎರಡು, ಐದು, ಹನ್ನೊಂದು ರೂಪಾಯಿಗಳೇ ಹೆಚ್ಚು. ಆದರೆ ನಲವತ್ತೆರಡನೇ ಪಾವತಿ ಐನೂರಾ ಒಂದು ರೂಪಾಯಿಯದು. ನನ್ನ ಒಂದು ತಿಂಗಳ ಸಂಬಳ ಅದಕ್ಕಿಂತ ತುಸುವೇ ಹೆಚ್ಚಿತ್ತು. ಕೊಟ್ಟವರು 'ಸರಸ್ವತಿಬಾಯಿ ಪಾಟೀಲ, ಪೇಟೆ, ಅಕ್ಕಲಕೋಟ'. ಪದ್ಧತಿಯಂತೆ ಕಾರ್ಡ್ ಬರೆದೆ. ಆರನೇ ದಿನ ಅದು ತಿರುಗಿ ಬಂತು. ಮೇಲೆ ಕೆಂಪು ಶಾಯಿಯಲ್ಲಿ, ಈ ಹೆಸರಿನವರು ಇಲ್ಲಿ ಯಾರೂ ಇಲ್ಲ ಎಂಬ ಷರಾ.

ಸುಮನಳನ್ನು ಕರೆಸಿದೆ.

"ಈ ಸರಸ್ವತಿಬಾಯಿ ಯಾರವಾ?"

ಆಕೆ ಕಾರ್ಡ್ ನೋಡಿದಳು. "ಹೆಸರು ನಾನ ಬರದೀನ್ರಿ ಸರ್. ರೊಕ್ಕ ಖರೇ ಅದ. ಪೂರಾ ತುಂಬೀನಿ."

"ಖರೇ ಕೊಟ್ಟವರು ಯಾರು?"

"ಹೇಳಾಕ ಬರಂಗಿಲ್ರಿ. ಹೇಳಂಗಿಲ್ಲಂತ ಮಾತು ಕೊಟ್ಟೀನಿ. ನೀವು ನನ್ನ ನಂಬ್ರಿ."

ನಂಬಲಿಲ್ಲ. ಹಣ ಕಡಿಮೆಯಾಗಿದ್ದರೆ ಕಳ್ಳತನವೆಂದು ತಿಳಿಯಬಹುದಿತ್ತು. ಇಲ್ಲಿ ಹಣ ಹೆಚ್ಚಾಗಿತ್ತು, ಅದೇ ನನ್ನನ್ನು ಕಾಡಿತು. ಮುಂದಿನ ತಿಂಗಳು ವಿದ್ಯಾರ್ಥಿ ಮಂಡಲದ ಚುನಾವಣೆಯಿತ್ತು. ಊರ ಪುಢಾರಿಗಳು ಇಂಥ ಸಂಘಗಳ ಮೂಲಕ ಕಾಲೇಜಿನೊಳಗೆ ಹಣ ನುಗ್ಗಿಸುತ್ತಾರೆಂಬ ಗುಸುಗುಸು ಪ್ರತಿ ವರ್ಷವೂ ಇರುತ್ತಿತ್ತು. ಐನೂರು ಬರೆದು ಇನ್ನೈನೂರು ಉಳಿಸಿಕೊಂಡಿದ್ದರೆ? ಪಾವತಿಯಲ್ಲಿ ಸುಳ್ಳು ಹೆಸರು ಬರೆದವಳು ಮೊತ್ತವನ್ನು ಮಾತ್ರ ನಿಜ ಬರೆದಿರುತ್ತಾಳೆಯೇ? ಜೊತೆಗೆ ಹೋದ ಇಬ್ಬರನ್ನೂ ಬೇರೆ ಬೇರೆಯಾಗಿ ಕೂರಿಸಿ ಕೇಳಿದೆ. ತಾವು ಮುಂದಿನ ಅಂಗಡಿಯಲ್ಲಿದ್ದೆವು, ಆ ಪಾವತಿ ಹರಿದದ್ದು ನೋಡಲಿಲ್ಲ ಎಂದರು. ಇಬ್ಬರೂ ಒಂದೇ ಮಾತು ಹೇಳಿದ್ದೂ ನನಗೆ ಸಂಶಯಕ್ಕೆ ಕಾರಣವಾಯಿತು.

ಅಷ್ಟರಲ್ಲಿ ಪ್ರಿನ್ಸಿಪಾಲರಿಗೆ ಒಂದು ನಿನಾವಿ ಪತ್ರ ಬಂತು. ಬರೆದವರ ಹೆಸರಿಲ್ಲ. ಬುಕ್ ಬ್ಯಾಂಕಿನ ಹಣ ಒಬ್ಬ ಪುಢಾರಿಯದು, ವಿಚಾರಿಸಿ ಎಂದಿತ್ತು. ಪ್ರಿನ್ಸಿಪಾಲರು ಮರಾಠಿಯವರು, ಕಟ್ಟುನಿಟ್ಟಿನ ಮನುಷ್ಯ. ಎಂಟು ದಿನದಲ್ಲಿ ದಾನಿ ಯಾರೆಂದು ತಿಳಿಯದಿದ್ದರೆ ಮಂಡಳ ವಿಸರ್ಜನೆ, ಹುಡುಗಿಗೆ ನಡತೆಯ ಪ್ರಮಾಣಪತ್ರ ಇಲ್ಲ ಎಂದರು. ಆ ಪ್ರಮಾಣಪತ್ರವಿಲ್ಲದೆ ಆಕೆಯ ಶಿಷ್ಯವೃತ್ತಿ ನಿಲ್ಲುತ್ತಿತ್ತು. ಶಿಷ್ಯವೃತ್ತಿ ನಿಂತರೆ ಓದೂ ನಿಲ್ಲುತ್ತಿತ್ತು. ಇದನ್ನು ಆಕೆಗೆ ತಿಳಿಸಿದೆ. ಆಕೆಯ ಕಣ್ಣು ತುಂಬಿತು. ಹೆಸರು ಮಾತ್ರ ಹೇಳಲಿಲ್ಲ.

ಮರುದಿನ ರಜೆ ಹಾಕಿ ಎಸ್.ಟಿ. ಬಸ್ಸು ಹತ್ತಿ ಅಕ್ಕಲಕೋಟಕ್ಕೆ ಹೋದೆ. ಚೀಲದಲ್ಲಿ ಕಾರ್ಬನ್ ಪ್ರತಿಗಳಿದ್ದವು. ಒಂದನೇ ಪಾವತಿಯಿಂದ ಶುರುಮಾಡಿ ಅಂಗಡಿ ಅಂಗಡಿ ಹತ್ತಿಳಿದೆ. ಎಲ್ಲರೂ ಕೊಟ್ಟಿದ್ದೇವೆಂದರು, ಮೊತ್ತವೂ ತಾಳೆಯಾಯಿತು. ಆಗ ಒಂದು ವಿಷಯ ಹೊಳೆಯಿತು. ಪಾವತಿಗಳ ಕ್ರಮಸಂಖ್ಯೆಯೂ ಅಂಗಡಿಗಳ ಸಾಲೂ ಒಂದೇ ಇದ್ದವು. ನಲವತ್ತೊಂದು ಬಳೆ ಅಂಗಡಿಯದು. ನಲವತ್ತಮೂರು ಕಿರಾಣಿ ಅಂಗಡಿಯದು. ನಡುವೆ ಇದ್ದದ್ದು ಒಂದೇ ಒಂದು ಬಟ್ಟೆ ಅಂಗಡಿ. ಹಿಂಬದಿಗೆ ಮನೆ.

ಗಾದಿಯ ಮೇಲೆ ಐವತ್ತೈದರ ಸುಮಾರಿನ ಸಾವಕಾರರು ಕುಳಿತಿದ್ದರು. ಕಾಲೇಜಿನ ಹೆಸರು ಹೇಳುತ್ತಲೇ ಮುಖ ಗಂಟಿಕ್ಕಿದರು. "ಬಂದಿದ್ರು ಆ ಹುಡುಗ್ಯಾರು. ಒಂದ್ ಪೈಸಾ ಕೊಟ್ಟಿಲ್ಲ. ಯಾರ್ಯಾರನ್ನೋ ಕಳಸ್ತೀರಿ ನೀವು, ಅಂಗಡಿ ಕಟ್ಟಿ ಹತ್ತಸ್ತೀರಿ!"

ಹಣ ಇವರದಲ್ಲ ಎಂದು ಖಾತ್ರಿಯಾಯಿತು. ಆದರೂ ಹೊರಟುಬರಲು ಮನಸ್ಸಾಗಲಿಲ್ಲ. ಸುತ್ತುಬಳಸಿ ಹಿಂದಿನ ಓಣಿಗೆ ಹೋದೆ. ಹಿತ್ತಲ ಬಾಗಿಲು ತೆರೆದಿತ್ತು. ಒಬ್ಬ ಹಿರಿಯ ಹೆಂಗಸು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ಅವರ ಹೆಸರನ್ನು ನಾನು ಅಂದು ಯಾರಿಗೂ ಹೇಳಲಿಲ್ಲ, ಇಲ್ಲಿಯೂ ಬರೆಯುವುದಿಲ್ಲ.

"ಸೊಲ್ಲಾಪುರ ಕಾಲೇಜಿನ ಮಾಸ್ತರ್ರಿ ಅವ್ವಾರ," ಎಂದೆ. "ಸುಮನ ಅಂತ ಒಂದು ಹುಡುಗಿ..."

ಮೊರ ನಿಂತಿತು. ಅವರು ಮೊದಲು ಅಂಗಡಿಯ ಕಡೆಯ ಬಾಗಿಲು ನೋಡಿದರು, ಆಮೇಲೆ ನನ್ನನ್ನು. ತಗ್ಗಿದ ದನಿಯಲ್ಲಿ ಕೇಳಿದರು, "ಆಕಿ ಹೇಳಿದಳೇನು?"

"ಇಲ್ಲ. ಹೇಳವಲ್ಲಳು. ಅದಕ್ಕ ಕಾಲೇಜಿನಿಂದ ತಗೀತಾರ ಆಕಿನ್ನ."

ಅವರು ಎದ್ದು ಬಾಗಿಲ ಹತ್ತಿರ ಬಂದರು. "ರೊಕ್ಕ ನಂದರಿ ಮಾಸ್ತರ. ನನ್ನ ತವರುಮನಿ ಹೊಲದ ಲಾವಣಿದು, ಗುತ್ತಿಗಿ ರೊಕ್ಕ. ನಮ್ಮ ಅಣ್ಣ ವರ್ಷಾ ತಂದು ಕೊಡ್ತಾನ. ಯಾರ ಕಡಿಂದೂ ಕದ್ದಿಲ್ಲ."

"ಮತ್ತ ಹೆಸರು ಯಾಕ ಮುಚ್ಚಿಟ್ರಿ?"

"ನಮ್ಮವ್ರಿಗಿ ಗೊತ್ತಾದ್ರ ನಮ್ಮ ಅಣ್ಣ ಈ ಹೊಸ್ತಲಾ ತುಳಿಯಂಗಿಲ್ಲ." ಅಂಗಡಿಯ ಬಾಗಿಲನ್ನು ಮತ್ತೊಮ್ಮೆ ನೋಡಿ ಮುಂದುವರಿಸಿದರು. "ಅವತ್ತು ಆ ಹುಡುಗಿ ನಿಮ್ಮ ಕಾಗದಾ ತೋರ್ಸಾಕ ಕೈ ಮುಂದ ಮಾಡಿದ್ಳು. ಆಕಿ ಹೆಸರು, ಊರು ಕೇಳಿ ನಮ್ಮವ್ರು ಕೈಲೆ ತಗೊಳ್ಳಿಲ್ಲ. ಕೆಳಗ ಇಡು ಅಂದ್ರು. ಆಕಿ ಇಡಲಿಲ್ಲರಿ. ಮಡಚಿ ಚೀಲದಾಗ ಹಾಕ್ಕೊಂಡು, ನಮಸ್ಕಾರ ಮಾಡಿ ಇಳದು ಹೋದ್ಳು. ನಾ ಪಡದಾ ಹಿಂದ ನಿಂತು ನೋಡಿದೆ. ನಂಗ ತಡಕೊಳ್ಳಾಕ ಆಗಲಿಲ್ಲ. ಈ ಓಣಿಯಾಗ ಬಂದು ಕರದು ಕೊಟ್ಟೆ. ಹೆಸರಿಲ್ದ ತಗೊಳ್ಳಾಕ ಬರಂಗಿಲ್ರಿ, ನಮ್ಮ ಸರದು ನಿಯಮ ಅದ ಅಂದ್ಳು. ಏನರ ಒಂದು ಹೆಸರು ಬರಿಯವಾ ಅಂದೆ."

ನಮ್ಮ ಸರದು ನಿಯಮ. ಬಸ್ ಸ್ಟ್ಯಾಂಡಿನವರೆಗೂ ಆ ಮಾತು ಕಿವಿಯಲ್ಲೇ ಇತ್ತು. ಸುಳ್ಳು ತಡೆಯಲು ನಾನು ಬರೆದ ನಿಯಮವೇ ಆ ಹುಡುಗಿಯಿಂದ ಸುಳ್ಳು ಬರೆಸಿತ್ತು.

ಪ್ರಿನ್ಸಿಪಾಲರ ಮುಂದೆ ನಿಂತು, ದಾನಿಯನ್ನು ಕಂಡು ಮಾತಾಡಿದ್ದೇನೆ, ಹಣ ಸ್ವಂತದ್ದು, ಪುಢಾರಿಗಳ ಸಂಬಂಧವಿಲ್ಲ ಎಂದೆ. ಹೆಸರು ಕೇಳಿದರು. ಹೇಳುವುದಿಲ್ಲವೆಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ನನ್ನನ್ನೇ ನೋಡಿದರು. ಮೊನ್ನೆಯವರೆಗೆ ಆ ಹುಡುಗಿಯ ಮೇಲೆ ನೀವೇ ಕಿಡಿಕಾರುತ್ತಿದ್ದಿರಿ, ಒಂದು ದಿನ ಅಕ್ಕಲಕೋಟಕ್ಕೆ ಹೋಗಿಬಂದು ಬಾಯಿ ಮುಚ್ಚಿಕೊಂಡಿದ್ದೀರಿ, ಅಲ್ಲಿ ನಿಮ್ಮ ಬಾಯಿ ಮುಚ್ಚಿಸಿದವರು ಯಾರು ಎಂದು ಮರಾಠಿಯಲ್ಲಿ ಕೇಳಿದರು.

ಹದಿಮೂರು ವರ್ಷದ ನೌಕರಿಯಲ್ಲಿ ನನ್ನ ಪ್ರಾಮಾಣಿಕತೆಯನ್ನು ಯಾರೂ ಪ್ರಶ್ನಿಸಿರಲಿಲ್ಲ. ಸಿಟ್ಟು ಬಂತು. ಹೇಳಲು ನನ್ನ ಹತ್ತಿರವೂ ಇದ್ದದ್ದು ಅದೊಂದೇ ಮಾತು: "ನನ್ನನ್ನು ನಂಬಿ, ಸರ್." ಕೊನೆಗೆ ಒಂದು ಹಾಳೆ ಕೇಳಿ, ದಾನಿಯನ್ನು ಖುದ್ದು ಕಂಡು ಖಾತ್ರಿ ಮಾಡಿಕೊಂಡಿದ್ದೇನೆ, ಸುಳ್ಳೆಂದು ಸಾಬೀತಾದರೆ ನೌಕರಿ ಬಿಡುತ್ತೇನೆ ಎಂದು ಬರೆದು ಸಹಿ ಮಾಡಿಕೊಟ್ಟೆ.

ಅವರು ಪೂರ್ತಿ ನಂಬಲಿಲ್ಲ. ಸುಮನಳ ಪ್ರಮಾಣಪತ್ರ ಉಳಿಯಿತು, ಕಾರ್ಯದರ್ಶಿ ಸ್ಥಾನ ಹೋಯಿತು. ಐನೂರಾ ಒಂದು ರೂಪಾಯಿಯನ್ನು ಸಸ್ಪೆನ್ಸ್ ಖಾತೆಗೆ ಹಾಕಿದರು, ಎಂದರೆ ಮೂಲ ಇತ್ಯರ್ಥವಾಗದ ಹಣವನ್ನು ತಾತ್ಕಾಲಿಕವಾಗಿ ಇಡುವ ಖಾತೆಗೆ. ಮೇಲ್ವಿಚಾರಣೆಯ ಕೆಲಸ ನನ್ನ ಕೈಯಿಂದ ಹೋಯಿತು. ಸ್ಟಾಫ್ ರೂಮಿನಲ್ಲಿ ನಾನು ಒಳಬಂದರೆ ಕೆಲವು ದಿನ ಮಾತು ನಿಲ್ಲುತ್ತಿತ್ತು. ಮರುವರ್ಷ ನಿಯಮ ತಿದ್ದಲಾಯಿತು. ದಾನಿ ಇಚ್ಛಿಸಿದರೆ ಹೆಸರು ಗುಪ್ತವಾಗಿಡಬಹುದು, ಒಬ್ಬ ಅಧ್ಯಾಪಕ ಖುದ್ದು ಕಂಡು ಸಹಿ ಹಾಕಬೇಕು. ಆಗ ಆ ಹಣ ಬಿಡುಗಡೆಯಾಗಿ ಪುಸ್ತಕಗಳು ಬಂದವು. ಸುಮನ ಅಷ್ಟರಲ್ಲಿ ಮೂರನೇ ವರ್ಷದಲ್ಲಿದ್ದಳು.

ನಾನು ಆಕೆಯ ಕ್ಷಮೆ ಕೇಳಿದ್ದು ಕಾಲೇಜಿನ ಗೇಟಿನ ಹತ್ತಿರ. "ಅಕ್ಕಲಕೋಟದಾಗ ಅವ್ವಾರನ್ನ ಕಂಡೆ. ನಿನ್ನ ಮ್ಯಾಲ ಸುಮ್ಮನ ಸಂಶೇ ಪಟ್ಟೆ, ತಪ್ಪಾತು," ಎಂದೆ.

"ಇರಲಿ ಬಿಡ್ರಿ ಸರ್," ಎಂದಳು. ಆಮೇಲೆ ಮೆಲ್ಲಗೆ, "ನಂಬ್ರಿ ಅಂದಾಗ ನಂಬಲಿಲ್ಲ. ಅವ್ವಾರು ಹೇಳಿದ ಮ್ಯಾಲ ನಂಬಿದ್ರಿ." ಬಸ್ಸು ಬಂತು, ಹೋದಳು.

ಮೇಲ್ವಿಚಾರಣೆಯ ಕೆಲಸ ಹಸ್ತಾಂತರಿಸಿದ ದಿನ ಹಳೆಯ ಫೈಲು ಜೋಡಿಸುತ್ತಿದ್ದೆ. ಅದರಲ್ಲಿ ಅದೇ ವರ್ಷ ತಿರುಗಿ ಬಂದಿದ್ದ ಇನ್ನೆರಡು ಕಾರ್ಡುಗಳು ಸಿಕ್ಕವು. ಎರಡೂ ಒಬ್ಬ ದೊಡ್ಡ ವ್ಯಾಪಾರಿಯ ಮಗ ಹರಿದ ಪಾವತಿಗಳಿಗೆ ಸಂಬಂಧಿಸಿದವು. ಅವುಗಳ ಮೇಲೂ ಅದೇ ಕೆಂಪು ಷರಾ. ಕೆಳಗೆ ನನ್ನದೇ ಕೈಬರಹದಲ್ಲಿ 'ವಿಳಾಸ ತಪ್ಪಿರಬಹುದು' ಎಂದು ಬರೆದಿತ್ತು. ಆ ಹುಡುಗನನ್ನು ನಾನು ಕರೆಸಿರಲಿಲ್ಲ, ಆ ಊರಿಗೆ ಹೋಗಿರಲೂ ಇಲ್ಲ.

ಹಣದ ವಿಷಯದಲ್ಲಿ ಸಂಶಯ ಪಡುವುದು ನಮ್ಮ ಕೆಲಸ; ಅದಕ್ಕೆ ನಾನು ಇಂದಿಗೂ ನಾಚುವುದಿಲ್ಲ. ಆದರೆ ಆಮೇಲಿನ ಇಪ್ಪತ್ತೆರಡು ವರ್ಷ, ಯಾವ ಕಾಗದದ ಮೇಲೆ ಸಂಶಯದ ಷರಾ ಬರೆಯುವಾಗಲೂ ಪೆನ್ನು ಒಂದು ಗಳಿಗೆ ತಡೆದು, ಇದೇ ಕಾಗದವನ್ನು ಬೇರೆಯವರು ತಂದಿದ್ದರೆ ಏನು ಬರೆಯುತ್ತಿದ್ದೆ ಎಂದು ನನ್ನನ್ನೇ ಕೇಳಿಕೊಂಡಿದ್ದೇನೆ. ಉತ್ತರ ಪ್ರತಿ ಸಲವೂ ಹಿತವಾಗಿರಲಿಲ್ಲ.