ತೆಂಗಿನ ಬುಡದ ಹಳದಿ ರೋಲರ್

೧೯೭೭ರಲ್ಲಿ ನನಗೆ ಮೂವತ್ತಮೂರು ವರ್ಷ. ಗುಬ್ಬಿಯ ಪ್ರೌಢಶಾಲೆಯೊಂದರಲ್ಲಿ ಕನ್ನಡ ಪಾಠ ಹೇಳುತ್ತಿದ್ದೆ. ಆ ವಯಸ್ಸಿನ ಗೃಹಸ್ಥನೊಬ್ಬ ತುಮಕೂರಿನ ಆಟಿಕೆ ಅಂಗಡಿಯೊಂದರಲ್ಲಿ ನಿಂತು, ಒಂದು ರಟ್ಟಿನ ಡಬ್ಬಕ್ಕಾಗಿ ಮತ್ತೊಬ್ಬ ಗೃಹಸ್ಥನೊಡನೆ ವಾದಕ್ಕಿಳಿದನೆಂದರೆ ಕೇಳಿದವರು ನಗುವುದು ಸಹಜ. ಆ ಮತ್ತೊಬ್ಬರು ನನ್ನ ಹೆಂಡತಿಯ ಅಣ್ಣ, ಅಂದರೆ ನನ್ನ ಭಾವ. ಕುಣಿಗಲ್ ತಾಲ್ಲೂಕಿನ ಕೊತ್ತಗೆರೆಯಲ್ಲಿ ಅವರಿಗೆ ತೆಂಗಿನ ತೋಟವಿತ್ತು. ಜೊತೆಗೆ ಕುಣಿಗಲ್ಲಿನಲ್ಲಿ ಒಂದು ಗುಮಾಸ್ತಿಕೆ.

ಇಬ್ಬರ ಮನೆಯಲ್ಲೂ ನವರಾತ್ರಿಗೆ ಗೊಂಬೆ ಕೂರಿಸುವ ಪದ್ಧತಿ. ಮೇಲಿನ ಮೆಟ್ಟಿಲುಗಳ ಪಟ್ಟದ ಗೊಂಬೆ, ದೇವರು, ದಿನಸಿ ಅಂಗಡಿಯ ಶೆಟ್ಟಿ ದಂಪತಿ ಇವೆಲ್ಲ ಹೆಂಗಸರ ಅಧೀನ. ನೆಲಕ್ಕೆ ತಾಗಿದ ಕಡೆಯ ಮೆಟ್ಟಿಲು ಮಾತ್ರ ಗಂಡಸರದು. ಅಲ್ಲಿ ನಾವು ಊರು ಕಟ್ಟುತ್ತಿದ್ದೆವು: ತಗಡಿನ ತಟ್ಟೆಯಲ್ಲಿ ಮಣ್ಣು ಹರಡಿ ರಾಗಿ ಚೆಲ್ಲಿ ಬೆಳೆಸಿದ ಹೊಲ, ಕನ್ನಡಿಯ ತುಂಡಿನ ಕೆರೆ, ಬೆಂಕಿಪೊಟ್ಟಣದ ಮನೆಗಳು. ಆ ಊರಿಗಾಗಿ ರೈಲು, ಬಸ್ಸು, ಲಾರಿಗಳನ್ನು ಕೂಡಿಹಾಕುವುದು ನಮ್ಮಿಬ್ಬರ ಹವ್ಯಾಸ. ಅದು ಹವ್ಯಾಸವಾಗಿ ಮೊದಲಾಗಿ ಸ್ಪರ್ಧೆಯಾಗಿ ಬೆಳೆದಿತ್ತೆಂಬುದನ್ನೂ ಹೇಳಿಬಿಡುವುದು ಒಳ್ಳೆಯದು.

ಅಂಗಡಿಯಲ್ಲಿ ಅಂದು ಉಳಿದಿದ್ದುದು ಒಂದೇ ಡಬ್ಬ. ಅದರಲ್ಲಿ ಐದು ಪ್ಲಾಸ್ಟಿಕ್ ವಾಹನಗಳು: ಹಳದಿ ರೋಡ್ ರೋಲರ್, ಕೆಂಪು ಟಿಪ್ಪರ್ ಲಾರಿ, ನೀಲಿ ಬುಲ್ಡೋಜರ್, ಹಸಿರು ಕ್ರೇನ್, ಮತ್ತು ಜಲ್ಲಿ ಸಿಮೆಂಟು ಕಲಸುವ ಬಿಳಿಯ ಯಂತ್ರ. ಒಂದೊಂದೂ ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು. ಬಾಗಿಲಿಲ್ಲ, ಕಿಟಕಿಯಿಲ್ಲ, ದೀಪವಿಲ್ಲ. ಚಾಲಕನೆಂದರೆ ಒಂದು ಉಬ್ಬು. ಚಕ್ರಗಳು ಬರಿಯ ಬಿಲ್ಲೆಗಳು. ಆದರೂ ಯಾವುದು ಏನೆಂದು ಮಾರು ದೂರದಿಂದ ಗೊತ್ತಾಗುತ್ತಿತ್ತು. ಬೇಡದ್ದನ್ನೆಲ್ಲ ತೆಗೆದ ಮೇಲೂ ಅರ್ಥ ಕೆಡದ ವಾಕ್ಯವನ್ನು ಕಂಡಾಗ ನನಗೆ ಆಗುವ ಸಂತೋಷವೇ ಆಗ ಆಯಿತು.

"ಮೇಷ್ಟ್ರೇ, ಪಾಠ ಹೇಳೋರಿಗೆ ಬುಲ್ಡೋಜರ್ ಯಾಕೆ?" ಎಂದರು ಭಾವ, ಡಬ್ಬದ ಮೇಲಿನ ಕೈ ತೆಗೆಯದೆ.

"ತೆಂಗಿನಕಾಯಿ ಕೀಳಿಸೋರಿಗೆ ಯಾಕೋ, ನನಗೂ ಅದಕ್ಕೇ" ಎಂದೆ.

ಅಂಗಡಿಯವನಿಗೆ ಬೇಸರ ಬಂತು. "ಮನೇಗ್ ಹೋಗಿ ಮಕ್ಕಳನ್ನ ಕರ್ಕೊಂಡ್ ಬನ್ನಿ ಸಾರ್. ಅವ್ರೇ ತೀರ್ಮಾನ ಮಾಡ್ಲಿ."

"ಮಕ್ಕಳ್ನೇ ಕರ್ಕೊಂಡ್ ಬಂದಿದೀನಿ, ನೋಡಿ" ಎಂದಳು ಹಿಂದೆ ನಿಂತಿದ್ದ ನನ್ನ ಹೆಂಡತಿ.

ತೀರ್ಮಾನವನ್ನು ಮಾಡಿದವಳೂ ಅವಳೇ. ಇಬ್ಬರೂ ಸೇರಿ ಕೊಳ್ಳುವುದು. ಒಂದು ವರ್ಷ ಗುಬ್ಬಿಯಲ್ಲಿ, ಮರುವರ್ಷ ಕೊತ್ತಗೆರೆಯಲ್ಲಿ ಇಡುವುದು. ಸಾಗಿಸುವ ಹೊಣೆ ತನ್ನದು. "ನಾನೇ ತರ್ತೀನಿ, ನಾನೇ ಕೊಂಡೋಗ್ತೀನಿ. ನೀವಿಬ್ರೂ ಮುಟ್ಟೋ ಹಾಗಿಲ್ಲ" ಎಂದಳು. ಅವಳ ಲೆಕ್ಕಾಚಾರ ನಮಗೆ ಆಮೇಲೆ ತಿಳಿಯಿತು. ಈ ಏರ್ಪಾಡಿನಿಂದ, ಕೊತ್ತಗೆರೆಯ ಸರದಿ ಬಂದ ವರ್ಷ ನವರಾತ್ರಿಯುದ್ದಕ್ಕೂ ಅವಳು ತವರಿನಲ್ಲಿ ತಾಯಿಯ ಜೊತೆ. ನಮ್ಮ ಸರದಿ ಬಂದ ವರ್ಷ ತಾಯಿಯೇ ಗುಬ್ಬಿಯಲ್ಲಿ ಮಗಳ ಜೊತೆ. ಬೇರೆ ದಿನಗಳಲ್ಲಿ ತೋಟ, ಹಸು, ನನ್ನ ಶಾಲೆ ಎಂದು ಆ ಭೇಟಿಗೆ ನೂರು ಅಡ್ಡಿಗಳಿದ್ದವು.

ಐದು ವರ್ಷ ಎಲ್ಲವೂ ಕ್ರಮವಾಗಿ ನಡೆಯಿತು. ಹಬ್ಬ ಮುಗಿದ ಮೇಲೆ ವಾಹನಗಳನ್ನು ಹಳೆಯ ಸೀರೆಯ ತುಂಡಿನಲ್ಲಿ ಗಂಟು ಕಟ್ಟಿ, ಮುಂದಿನ ಸರದಿಯ ಮನೆಗೆ ಕಳುಹಿಸಿಬಿಡುವುದು. ಆ ಮನೆಯಲ್ಲಿ ಗಂಟು ಅಟ್ಟಕ್ಕೆ ಏರಿದರೆ ಮರುವರ್ಷದ ಮಹಾಲಯ ಅಮಾವಾಸ್ಯೆಯವರೆಗೆ ಅದನ್ನು ಬಿಚ್ಚುವಂತಿಲ್ಲ. ಮಲಗಿದ ಗೊಂಬೆಯನ್ನು ನಡುವೆ ಎಬ್ಬಿಸಬಾರದೆಂಬುದು ಎರಡೂ ಮನೆಗಳ ನಿಯಮ. ವಾಹನಗಳಿಗೂ ಅದೇ ಅನ್ವಯಿಸುತ್ತಿತ್ತು.

ಈ ನಡುವೆ ಭಾವ ಒಂದು ಸುಧಾರಣೆ ಮಾಡಿದ್ದರು. ರೋಲರ್ ಹಗುರವಾಗಿ, ಮಣ್ಣಿನ ಮೇಲೆ ಎಳೆದರೆ ಗುರುತೇ ಮೂಡುತ್ತಿರಲಿಲ್ಲ. "ತೂಕ ಇಲ್ದಿದ್ ಮೇಲೆ ಅದು ಯಾವ್ ಸೀಮೆ ರೋಲರು" ಎಂದು, ಅದರ ಟೊಳ್ಳಾದ ಮುಂದಿನ ಉರುಳೆಗೆ ಮರಳು ತುಂಬಿ ಮೇಣದಿಂದ ಮುಚ್ಚಿದರು. ಅಂದಿನಿಂದ ಅದು ತಟ್ಟೆಯ ಮಣ್ಣಿನಲ್ಲಿ ನಿಜವಾಗಿಯೇ ರಸ್ತೆ ಮಾಡತೊಡಗಿತು. ಐದರಲ್ಲಿ ಇಬ್ಬರಿಗೂ ಹೆಚ್ಚು ಪ್ರಿಯವಾದದ್ದು ಅದೇ.

೧೯೮೨ರಲ್ಲಿ ಸರದಿ ಕೊತ್ತಗೆರೆಯದು. ಭಾವ ಆ ವರ್ಷ ಮಾರ್ಕೋನಹಳ್ಳಿಯ ಅಣೆಕಟ್ಟನ್ನೇ ಕಟ್ಟಿದರು. ಜೇಡಿಮಣ್ಣಿನ ಏರಿ, ಕನ್ನಡಿಯ ನೀರು, ಕೆಳಗೆ ರಾಗಿ ಪೈರು, ಪೈರಿನ ನಡುವೆ ಅಣೆಕಟ್ಟಿಗೆ ಹೋಗುವ ರಸ್ತೆ. ಭಾನುವಾರ ನಾನೂ ಹೋಗಿ ನೋಡಿ ಬಂದೆ. ಅತ್ತೆ ದಿನವೂ ಬೆಳಿಗ್ಗೆ ಪೈರಿಗೆ ನೀರು ಚಿಮುಕಿಸುತ್ತಿದ್ದರು. ರಸ್ತೆ ಕೆಸರಾಗಿ, ರೋಲರಿನ ಉರುಳೆ ಅರ್ಧ ಹೂತು ನಿಂತಿತ್ತು. "ನೋಡಿ ಮೇಷ್ಟ್ರೇ, ಸರ್ಕಾರಿ ಕೆಲಸದ ಥರಾನೇ ನಿಂತೋಗೈತೆ" ಎಂದು ಭಾವ ನಕ್ಕರು. ವಿಜಯದಶಮಿಯ ಮರುದಿನ ಅತ್ತೆ ಗಂಟು ಕಟ್ಟಿದರು, ಭಾವ ತಂಗಿಯನ್ನು ಬಸ್ಸು ಹತ್ತಿಸಿದರು, ಅವಳು ತುಮಕೂರಿನಲ್ಲಿ ಬಸ್ಸು ಬದಲಿಸಿ ಗುಬ್ಬಿಗೆ ಬಂದಳು. ಗಂಟು ಅಟ್ಟ ಸೇರಿತು.

ಮರುವರ್ಷದ ಅಮಾವಾಸ್ಯೆಯಂದು ಬಿಚ್ಚಿದಾಗ ಇದ್ದುದು ನಾಲ್ಕು. ರೋಲರ್ ಇರಲಿಲ್ಲ.

ಆ ವರ್ಷ ಅತ್ತೆಗೆ ಜ್ವರವೆಂದು ಭಾವ ಒಬ್ಬರೇ ಗೊಂಬೆ ನೋಡಲು ಬಂದರು. ಬಂದವರೇ ಕಡೆಯ ಮೆಟ್ಟಿಲಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಕೇಳಿದರು: "ರೋಲರ್ ಎಲ್ಲಿ ಮೇಷ್ಟ್ರೇ? ರಿಪೇರಿಗೆ ಹೋಯ್ತಾ?"

"ನಿಮ್ಮ ಮನೆಯಿಂದ ಬಂದ ಗಂಟಿನಲ್ಲಿ ನಾಲ್ಕೇ ಇದ್ದವು."

"ನಾಲ್ಕಾ? ಅಮ್ಮ ಕಟ್ಟಿದ ಗಂಟು ಅದು. ಅಮ್ಮನ ಗಂಟಲ್ಲಿ ಕಮ್ಮಿ ಬತ್ತದಾ?"

"ನಾನು ಬಿಚ್ಚದೆ ಇಟ್ಟ ಗಂಟು ಅದು. ನನ್ನ ಅಟ್ಟದಲ್ಲಿ ಕಮ್ಮಿ ಆಗುತ್ತದೆಯೇ?"

ಇಷ್ಟೇ ಮಾತು. ದನಿ ಏರಿಸಿದವರು ಯಾರೂ ಇಲ್ಲ. ಆದರೆ ಅವರು ಹೇಳಿದ್ದು ಸತ್ಯವಾದರೆ ತಪ್ಪು ನನ್ನ ಮನೆಯದು, ನಾನು ಹೇಳಿದ್ದು ಸತ್ಯವಾದರೆ ತಪ್ಪು ಅವರ ತಾಯಿಯದು. ಇಬ್ಬರಿಗೂ ಹಿಂದೆ ಸರಿಯಲು ಜಾಗವಿರಲಿಲ್ಲ. ಅಷ್ಟರಲ್ಲಿ ಕೋಸಂಬರಿಯ ತಟ್ಟೆ ಹಿಡಿದು ಬಂದ ನನ್ನ ಹೆಂಡತಿ ಬಾಗಿಲಲ್ಲೇ ನಿಂತಳು.

"ಅಲ್ಲೂ ಐದಿತ್ತು, ಇಲ್ಲೂ ಬಿಚ್ಚಿಲ್ಲ ಅಂದ್ರೆ, ನಡುವೆ ತಂದೋಳು ನಾನೇ ತಾನೆ" ಎಂದಳು.

"ನಿನ್ನ ಯಾರ್ ಅಂದ್ರು ಬುಡವ್ವ" ಎಂದರು ಭಾವ. ನಾನೂ ಅದನ್ನೇ ಹೇಳಿದೆ. ಅವಳು ಕೇಳಲಿಲ್ಲ. ತುಮಕೂರಿನ ಬಸ್ ಸ್ಟ್ಯಾಂಡಿನಲ್ಲಿ ಚೀಲವನ್ನು ಕಲ್ಲುಬೆಂಚಿನ ಮೇಲಿಟ್ಟು ನಲ್ಲಿಗೆ ಹೋಗಿ ನೀರು ಕುಡಿದು ಬಂದಿದ್ದಳಂತೆ. ಬಂದಾಗ ಚೀಲ ವಾಲಿಕೊಂಡಿತ್ತಂತೆ, ಗಂಟಿನ ಒಂದು ಮೂಲೆ ಸಡಿಲವಾಗಿತ್ತಂತೆ. ಅದುವರೆಗೆ ನೆನಪಿಗೆ ಬಾರದಿದ್ದ ಈ ವಿವರಗಳೆಲ್ಲ ಅಂದಿನಿಂದ ಅವಳಿಗೆ ದಿನಕ್ಕೊಂದು ನೆನಪಾಗತೊಡಗಿದವು.

೧೯೮೪ರಲ್ಲಿ ನನಗೆ ತುಮಕೂರಿನ ಶಿಕ್ಷಣ ಇಲಾಖೆಯ ಕಚೇರಿಗೆ ವರ್ಗವಾಯಿತು. ಪಾಠ ಹೇಳುವ ಕೆಲಸ ಅಲ್ಲಿಗೆ ಮುಗಿಯಿತು. ಆ ನವರಾತ್ರಿ ಕೊತ್ತಗೆರೆಯ ಸರದಿ. ಹಿಂದಿನ ಹಬ್ಬ ಮುಗಿದೊಡನೆ ಅಲ್ಲಿಗೆ ಹೋಗಬೇಕಿದ್ದ ಗಂಟು ಈ ಮನಸ್ತಾಪದಿಂದ ನಮ್ಮಲ್ಲೇ ಉಳಿದಿತ್ತು. ನಾಲ್ಕನ್ನೇ ಕಳುಹಿಸೋಣವೆಂದೆ. "ನಾನು ಇನ್ನೊಂದ್ಸಲ ಆ ಗಂಟು ಹೊರಲ್ಲ" ಎಂದಳು ನನ್ನ ಹೆಂಡತಿ. ಭಾವನ ಮನೆಯಿಂದಲೂ ಕರೆ ಬರಲಿಲ್ಲ. ಐದೂ ಕೂಡಿದಾಗ ನೋಡೋಣ ಎಂದು ಯಾರ ಕೈಯಲ್ಲೋ ಹೇಳಿ ಕಳುಹಿಸಿದ್ದರು. ಹೀಗೆ ಅವಳು ತವರಿನಲ್ಲಿ ಕಳೆಯುತ್ತಿದ್ದ ಆ ದಿನಗಳು ನಿಂತುಹೋದವು. ಅತ್ತೆಯೂ ನಮ್ಮ ಮನೆಗೆ ಬರುವುದನ್ನು ಬಿಟ್ಟರು. ಮದುವೆ ಮುಂಜಿಗಳಲ್ಲಿ ತಾಯಿ ಮಗಳು ಊಟದ ಪಂಕ್ತಿಯಲ್ಲಿ ಪಕ್ಕಪಕ್ಕ ಕೂತು ಮಾತಾಡಿಕೊಳ್ಳುತ್ತಿದ್ದರು, ಅಷ್ಟೇ. ಗಂಟಿನ ಮಾತನ್ನು ಮಾತ್ರ ಯಾರೂ ಅತ್ತೆಯ ಮುಂದೆ ಎತ್ತುತ್ತಿರಲಿಲ್ಲ, ಎತ್ತಿದರೆ ಅವರನ್ನೇ ಶಂಕಿಸಿದಂತೆ.

ಬೇರೆ ರೋಲರ್ ತಂದು ಬಾಯಿ ಮುಚ್ಚಿಸಬಹುದಿತ್ತು. ನಾನು ತುಮಕೂರಿನ ಅಂಗಡಿಗಳನ್ನೆಲ್ಲ ಹುಡುಕಿದೆ. ಸಿಕ್ಕಿದವುಗಳಲ್ಲಿ ಸ್ಟೀರಿಂಗ್, ಹೊಗೆಕೊಳವೆ, ಬಣ್ಣದ ಪಟ್ಟಿ, ಇಲ್ಲದ್ದೇ ಇಲ್ಲ. ಆ ನಾಲ್ಕರ ಪಕ್ಕದಲ್ಲಿಟ್ಟರೆ ಯಾರದೋ ಮದುವೆಗೆ ಬಂದ ಅಪರಿಚಿತನಂತೆ ಕಾಣುತ್ತಿತ್ತು. ಭಾವನೂ ಬೆಂಗಳೂರಿನವರೆಗೆ ಹೋಗಿ ಹುಡುಕಿದ್ದರೆಂದು ತಿಳಿದದ್ದು ಬಹಳ ತಡವಾಗಿ. ಅಲ್ಲದೆ, ಕೊಂಡು ತಂದ ರೋಲರ್ ಬಸ್ ಸ್ಟ್ಯಾಂಡಿನ ಆ ಕಲ್ಲುಬೆಂಚನ್ನು ಅವಳ ತಲೆಯಿಂದ ತೆಗೆಯುತ್ತಿರಲಿಲ್ಲ. ತುಮಕೂರಿನಲ್ಲೇ ನೆಲೆಸಿದ ಮೇಲೆ ಆ ಬಸ್ ಸ್ಟ್ಯಾಂಡಿಗೆ ಹೋಗುವುದು ತಪ್ಪುತ್ತಿರಲಿಲ್ಲ. ಪ್ರತಿ ಸಲವೂ ಅವಳು ಸೆರಗು ಸರಿಪಡಿಸುವವಳಂತೆ ಬಗ್ಗಿ ಬೆಂಚಿನ ಅಡಿಯಲ್ಲಿ ಒಮ್ಮೆ ಕಣ್ಣಾಡಿಸುತ್ತಿದ್ದಳು. ವರ್ಷಗಳ ಹಿಂದೆ ಬಿದ್ದ ಆಟಿಕೆ ಅಲ್ಲಿರುವುದಿಲ್ಲವೆಂದು ಅವಳಿಗೂ ಗೊತ್ತಿತ್ತು. ನಾನು ಕಂಡೂ ಕಾಣದವನಂತೆ ಬಸ್ಸಿನ ಬೋರ್ಡು ಓದುತ್ತ ನಿಲ್ಲುತ್ತಿದ್ದೆ.

೧೯೮೭ರ ಆರಂಭದಲ್ಲಿ ಅತ್ತೆಗೆ ಕಣ್ಣಿನ ಪೊರೆ ತೆಗೆಸಬೇಕಾಯಿತು. ಶಸ್ತ್ರಚಿಕಿತ್ಸೆ ತುಮಕೂರಿನಲ್ಲಿ ಆದುದರಿಂದ ಅವರು ನಮ್ಮ ಮನೆಯಲ್ಲೇ ಉಳಿದರು. ದಪ್ಪ ಗಾಜಿನ ಕನ್ನಡಕ ಬಂದ ಮೇಲೆ ಅವರನ್ನು ಊರಿಗೆ ಮುಟ್ಟಿಸಲು ನಾವಿಬ್ಬರೂ ಹೊರಟೆವು. ಕೊತ್ತಗೆರೆಯ ಆ ಹೊಸ್ತಿಲನ್ನು ನಾನು ದಾಟಿ ಎಷ್ಟೋ ಕಾಲವಾಗಿತ್ತು. ಭಾವ "ಬನ್ನಿ" ಎಂದರು. ಕೈಕಾಲಿಗೆ ನೀರು ಕೊಟ್ಟು, ಗುದ್ದಲಿ ಎತ್ತಿಕೊಂಡು ಹಿತ್ತಿಲಿಗೆ ಹೋದರು. ಕೆರೆಯಿಂದ ಗೋಡು ಮಣ್ಣು ಹೊಡೆಸಿದ್ದರಂತೆ. ಹಿತ್ತಿಲ ತೆಂಗಿನ ಮರದ ಸುತ್ತ ಪಾತಿ ಬಿಡಿಸಿ ಅದನ್ನು ತುಂಬಬೇಕಾಗಿತ್ತು.

ಅತ್ತೆ ಹಿತ್ತಿಲ ಜಗಲಿಯ ಮೇಲೆ ಕೂತು ಹೊಸ ಕಣ್ಣಿನಿಂದ ತಮ್ಮ ಮನೆಯನ್ನು ತನಿಖೆ ಮಾಡತೊಡಗಿದರು. ನಾನು ಪಕ್ಕದಲ್ಲಿದ್ದೆ.

"ಗೋಡೆ ಇಷ್ಟು ಕರ್ರಗಾಗಿತ್ತಾ? ಒಬ್ರಾದ್ರೂ ಬಾಯ್ ಬುಟ್ರಾ? ಇದೇನ್ಲಾ, ನಿನ್ ತಲೆ ಇಷ್ಟು ನೆರ್ತೈತೆ?"

"ಹಳೇ ಕಣ್ಣೇ ವಾಸಿಯಾಗಿತ್ತು ಕಣಮ್ಮ" ಎಂದರು ಭಾವ ಅಗೆಯುತ್ತಲೇ.

"ಅದೇನ್ಲಾ ಹಳದಿಗೆ? ಗುದ್ಲಿ ಪಕ್ಕ."

"ಯಾವ್ದೋ ಎಲೆ."

"ಎಲೆ ಕಾಣ್ದೋಳಾ ನಾನು? ಎಲೆ ಹಂಗೆ ಮಿರುಗ್ತದಾ? ಬಗ್ಗಿ ನೋಡು."

ಭಾವ ಬಗ್ಗಿದರು. ಬೆರಳಿನಿಂದ ಮಣ್ಣು ಕೆದಕಿದರು, ಮೇಲೆತ್ತಿ ಪಂಚೆಯ ತುದಿಯಲ್ಲಿ ಒರೆಸಿದರು. ಆಮೇಲೆ ಬಹಳ ಮೆಲ್ಲಗೆ, "ಮೇಷ್ಟ್ರೇ, ಬನ್ನಿ ಇಲ್ಲಿ" ಎಂದರು.

ಚಾಲಕನೆಂಬ ಆ ಉಬ್ಬಿನ ಮೇಲೆ ಒಂದು ಬೇರು ಅಂಟಿತ್ತು. ಹಳದಿ ಬಣ್ಣ ಹಾಗೆಯೇ ಇತ್ತು. ಅಲುಗಿಸಿದೆ, ಉರುಳೆಯೊಳಗೆ ಮರಳು ಸದ್ದು ಮಾಡಿತು. ಮೇಣ ಕಿತ್ತಿರಲಿಲ್ಲ.

ಇಬ್ಬರೂ ಅತ್ತೆಯ ಕಡೆ ತಿರುಗಿದೆವು. ಅವರಿಗೆ ನಮಗಿಂತ ಮೊದಲೇ ಹೊಳೆದಿತ್ತು. ರಾಗಿ ಪೈರು ಹಬ್ಬದ ಪೈರು. ಅದು ಯಾರ ಕಾಲಿಗೂ ಸಿಕ್ಕಬಾರದೆಂದು ತಟ್ಟೆಯ ಮಣ್ಣಿನೊಡನೆ ತೆಂಗಿನ ಬುಡಕ್ಕೆ ಸುರಿಯುವುದು ಆ ಮನೆಯ ರೂಢಿ.

"ಗಂಟು ಕಟ್ಟಾಕ್ ಮುಂಚೆ ತಟ್ಟೆ ಸುರ್ದೋಳು ನಾನೇ ಕಣ್ಲಾ" ಎಂದರು. "ಮಬ್ಬುಗತ್ಲು ಅಂದ್ಕಂಡಿದ್ದೆ. ಕಣ್ಣೇ ಮಬ್ಬಾಗಿತ್ತು ಅಂತ ಈಗ ಗೊತ್ತಾಗ್ತೈತೆ. ಕೆಸರಲ್ಲಿ ಹೂತ್ಕಂಡಿತ್ತೋ ಏನೋ."

"ಮತ್ತೆ ಗಂಟು ಕಟ್ಟುವಾಗ ಐದು ಅಂದ್ಯಲ್ಲಮ್ಮ?"

"ನಾನೆಲ್ಲಿ ಅಂದೆ? ನೀನಂದೆ. ಮೆಟ್ಲ ಮೇಲೆ ಇದ್ದಷ್ಟು ಕಟ್ಟಿ ಕೊಟ್ಟೆ. ಎಣ್ಸಾಕೆ ಅವೇನು ಕುರಿನಾ?"

ನಾನು ಭಾವನ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. ಅವರು ಎಣಿಸಿರಲಿಲ್ಲ, ತಾಯಿಯನ್ನು ನಂಬಿದ್ದರು. ನಾನು ಬಿಚ್ಚಿರಲಿಲ್ಲ, ನಿಯಮವನ್ನು ನಂಬಿದ್ದೆ. ಯಾರೂ ಯಾವುದನ್ನೂ ಬಚ್ಚಿಟ್ಟಿರಲಿಲ್ಲ. ಎದೆಯ ಮೇಲಿಂದ ಏನೋ ಇಳಿಯಿತೆಂದು ಜನ ಹೇಳುವುದನ್ನು ಕೇಳಿದ್ದೆ. ಅಂದು ನನಗೆ ಹಸಿವಾಯಿತು, ಅಷ್ಟೇ. ಆ ಮನೆಯಲ್ಲಿ ನನಗೆ ಹಸಿವಾಗಿ ನಾಲ್ಕು ವರ್ಷದ ಮೇಲಾಗಿತ್ತು.

"ಅಂತೂ ನಿನ್ ಮರ ಇಷ್ಟ್ ವರ್ಷ ರೋಲರ್ ಇಟ್ಕಂಡು ಒಂದ್ ಗಜ ರಸ್ತೆ ಮಾಡ್ಲಿಲ್ಲ" ಎಂದರು ಅತ್ತೆ. ಭಾವ ಗುದ್ದಲಿಗೆ ಒರಗಿ ನಗತೊಡಗಿದರು, ಕಣ್ಣು ಒರೆಸಿಕೊಂಡರು.

ನಗು ಕೇಳಿ ನನ್ನ ಹೆಂಡತಿ ಅಡುಗೆಮನೆಯಿಂದ ಒದ್ದೆ ಕೈಯಲ್ಲೇ ಬಂದಳು. ನಾನು ರೋಲರನ್ನು ಅವಳ ಅಂಗೈಯಲ್ಲಿಟ್ಟು, ಎಲ್ಲಿ ಸಿಕ್ಕಿತೆಂದು ಹೇಳಿದೆ. ಅವಳು ಮರದ ಪಾತಿಯನ್ನು ನೋಡಿದಳು, ತಾಯಿಯನ್ನು ನೋಡಿದಳು, ಜಗಲಿಯ ಅಂಚಿನಲ್ಲಿ ಕೂತಳು.

"ಹಾಗಾದ್ರೆ ಬಸ್ ಸ್ಟ್ಯಾಂಡಲ್ಲಿ ಬಿದ್ದಿಲ್ಲ" ಎಂದಳು.

"ಬಿದ್ದಿಲ್ಲ ಕಣವ್ವ" ಎಂದರು ಭಾವ.

"ನನ್ನ ಚೀಲಕ್ಕೇ ಬಂದಿರ್ಲಿಲ್ಲ."

"ಬಂದಿರ್ಲಿಲ್ಲ."

ಅವಳು ಅದನ್ನು ಇನ್ನೊಮ್ಮೆ ಕೇಳಿದಳು, ಭಾವ ಇನ್ನೊಮ್ಮೆ ಹೇಳಿದರು. ಅತ್ತೆ ಮಗಳ ಬೆನ್ನಿನ ಮೇಲೆ ಕೈಯಿಟ್ಟುಕೊಂಡು ಕೂತರು.

ಊಟದ ಹೊತ್ತಿಗೆ ರೋಲರ್ ತೊಳೆಸಿಕೊಂಡು ಗೂಡಿನಲ್ಲಿ ನಿಂತಿತ್ತು. ನಾನೂ ಭಾವನೂ ಹಳೆಯದನ್ನೆಲ್ಲ ತೆಗೆದೆವು: ಅಂಗಡಿಯವನ ಮಾತು, ಗುಬ್ಬಿಯಲ್ಲಿ ನಾನು ಕಟ್ಟಿದ್ದ ಸೇತುವೆ ಮಂಗಳಾರತಿಯ ಹೊತ್ತಿಗೆ ಕುಸಿದದ್ದು, ಕ್ರೇನಿನ ಕೊಂಡಿಗೆ ಭಾವ ಪಟ್ಟದ ಗೊಂಬೆಯನ್ನು ತೂಗುಹಾಕಿ ಬೈಸಿಕೊಂಡದ್ದು. ಈಗ ಸರದಿ ಯಾರದೆಂಬ ಪ್ರಶ್ನೆ ಬಂತು. ಬೆಸ ಸಂಖ್ಯೆಯ ವರ್ಷ, ಕ್ರಮದಂತೆ ನಮ್ಮದೇ. ನಾನು ಅದನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವಳು ಹೇಳಿದಳು: "ಈ ಸಲ ಇಲ್ಲೇ. ನಾಲ್ಕನ್ನೂ ತಗೊಂಡು ಅಮಾವಾಸ್ಯೆಗೇ ಬರ್ತೀನಿ."

"ನೀನ್ಯಾಕ್ ಹೊರ್ತೀಯ, ನಾನೇ ಬಂದು ತತ್ತೀನಿ ಬುಡು" ಎಂದರು ಭಾವ.

"ಬೇಡಣ್ಣ. ನಾನೇ ತರ್ತೀನಿ."

ಸಂಜೆ ತುಮಕೂರಿನ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಅವಳಿಗೆ ಬಾಯಾರಿತ್ತು. ಚೀಲವನ್ನು ಅದೇ ಕಲ್ಲುಬೆಂಚಿನ ಮೇಲಿಟ್ಟು, ಹಿಂತಿರುಗಿಯೂ ನೋಡದೆ ನಲ್ಲಿಯವರೆಗೆ ಹೋಗಿ ನೀರು ಕುಡಿದು ಬಂದಳು. ಬಂದು, ಬಗ್ಗದೆ, ಚೀಲವನ್ನು ಎತ್ತಿಕೊಂಡಳು. ಅಂದು ೧೯೮೭ನೆಯ ಇಸವಿ, ಏಪ್ರಿಲ್ ತಿಂಗಳ ಹನ್ನೆರಡನೆಯ ತಾರೀಖು, ಭಾನುವಾರ.